ಯಾರೂ ಆಣೆ ಕೇಳದ ವೋಟು

ನಮ್ಮ ಪಕ್ಷದ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಗೊತ್ತಾಗುವುದಿಲ್ಲ. ಬೀದರಿನಲ್ಲಿ ಒಬ್ಬರಿಗೆ ಹೇಳಿದಾಗ, ಅದು ಯಾವ ಬೀಜದ ಕಂಪನಿ ಎಂದು ಕೇಳಿದ್ದರು. ಜಿಲ್ಲೆಯಲ್ಲಿ ಅದಕ್ಕೆ ಜನ ಇರುವುದು ಎರಡೇ ತಾಲೂಕಿನಲ್ಲಿ, ನಮ್ಮ ಬಸವಕಲ್ಯಾಣ ಮತ್ತು ಪಕ್ಕದ ಹುಮನಾಬಾದ್. ಇವತ್ತಿನವರೆಗೆ ನಮ್ಮವರು ಅಂತ ಗೆದ್ದದ್ದು ಮುಡಬಿ ಕಡೆ ಒಬ್ಬರು, ಅದೂ ಪಂಚಾಯಿತಿಗೆ. ಎದುರಾಳಿ ನಾಮಪತ್ರ ಹಾಕುವ ದಿನ ಮರೆತು ಮದುವೆಗೆ ಹೋಗಿದ್ದ.

ಇಂಥ ಪಕ್ಷದ ಜಿಲ್ಲಾ ಅಧ್ಯಕ್ಷಗಿರಿಗಾಗಿ ನನ್ನ ಗಂಡ ಮಹಾರುದ್ರಪ್ಪನವರೂ ನನ್ನ ತಂಗಿ ಅಮೃತಾಳ ಗಂಡ ಅಶೋಕಕುಮಾರರೂ ಮೂರು ತಿಂಗಳು ಜಗಳಾಡಿದರು. ನಮ್ಮವರದು ಬಸವಕಲ್ಯಾಣದಲ್ಲಿ ಗೊಬ್ಬರದ ಅಂಗಡಿ, ಅವರದು ಹುಮನಾಬಾದಿನಲ್ಲಿ ಹಾರ್ಡ್‌ವೇರ್ ಅಂಗಡಿ. ಅದಕ್ಕೂ ಮುಂಚೆ ಈ ಷಡ್ಡಕರಿಬ್ಬರ ದೋಸ್ತಿ ಹೇಗಿತ್ತೆಂದರೆ, ನಾವು ಅಕ್ಕತಂಗಿಯರು ಮಾತಾಡಬೇಕೆಂದರೆ ಫೋನು ಅವರ ಕೈಯಿಂದ ಬಿಡಿಸಿಕೊಳ್ಳಬೇಕಿತ್ತು.

ಹಿಂದೆಲ್ಲ ಅಧ್ಯಕ್ಷರ ಹೆಸರು ಬೆಂಗಳೂರಿನಿಂದ ಫೋನಿನಲ್ಲಿ ಬರುತ್ತಿತ್ತು. ಬಂದ ಹೆಸರಿಗೆ ಎಲ್ಲರೂ ಬೈದು, ಹಾರ ಹಾಕಿ, ಊಟ ಮಾಡಿ ಮನೆಗೆ ಹೋಗುತ್ತಿದ್ದರು. ಈ ವರ್ಷ ಮೇಲಿನವರಿಗೆ ಏನು ಹೊಳೆಯಿತೋ, ಸದಸ್ಯರೇ ಚೀಟಿ ಹಾಕಿ ಆರಿಸಲಿ, ಪಕ್ಷದಲ್ಲಿ ಒಗ್ಗಟ್ಟು ಬೆಳೆಯಲಿ ಎಂದರು. ಒಂದು ವಾರದಲ್ಲಿ ನಮ್ಮ ವಾಟ್ಸಾಪ್ ಗುಂಪು ಒಡೆದು ಎರಡಾಯಿತು. ಒಂದರ ಹೆಸರು ‘ಒಗ್ಗಟ್ಟು’, ಇನ್ನೊಂದರ ಹೆಸರು ‘ನಿಜವಾದ ಒಗ್ಗಟ್ಟು’.

ಇದೆಲ್ಲ ಗಂಡಸರ ಆಟ ಎಂದು ನಾನು ಸುಮ್ಮನಿರುತ್ತಿದ್ದೆ. ಆದರೆ ಅಮೃತಾಳ ಮಗಳು ದೀಪಾಲಿಯ ಮದುವೆ ಗೊತ್ತಾಗಿತ್ತು. ನನಗೆ ಹೆಣ್ಣುಮಕ್ಕಳಿಲ್ಲ. ಅಮೃತಾ ಕಾಯಿಲೆ ಬಿದ್ದಿದ್ದ ಎರಡು ವರ್ಷ ಆ ಹುಡುಗಿ ನನ್ನ ಮನೆಯಲ್ಲೇ ಇದ್ದಳು. ಅವಳಿಗೆ ಮೊದಲ ಜಡೆ ಹಾಕಿದ್ದು ನಾನು, ಈಗಲೂ ದೊಡ್ಡವ್ವ ಎಂದು ಕರೆದು ಅವ್ವನಿಗೆ ಹೇಳದ ಮಾತನ್ನು ನನಗೆ ಹೇಳುತ್ತಾಳೆ. ಅವಳಿಗೆ ಅರಿಶಿನ ಹಚ್ಚುವಾಗ ನಾನು ಇರಬೇಕು. ನನಗೆ ಬೇರೇನೂ ಬೇಕಿರಲಿಲ್ಲ. ಅಧ್ಯಕ್ಷಗಿರಿ ಯಾವ ಕೆರೆಗಾದರೂ ಬೀಳಲಿ.

ಆದರೆ ಹುಮನಾಬಾದಿನಿಂದ ಕುಂಕುಮ ತೆಗೆದುಕೊಂಡು ಕರೆಯಲು ಯಾರೂ ಬರಲಿಲ್ಲ. ಅಶೋಕಕುಮಾರರು ತಮ್ಮ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಸಾರಿದ್ದರಂತೆ: ನಾ ಸೋತರೆ ಕಲ್ಯಾಣದ ಮಂದಿ ಒಬ್ಬರೂ ನನ್ನ ಮಂಟಪಕ್ಕೆ ಕಾಲಿಡಬಾರದು. ಅದು ಕಿವಿಗೆ ಬಿದ್ದದ್ದೇ ತಡ, ನಮ್ಮವರೂ ತಾಟು ಸರಿಸಿ ಎದ್ದು ನಿಂತರು.

“ಕೇಳ, ಕಸ್ತೂರಿ. ನಾ ಸೋತೆ ಅಂದ್ರ ಈ ಮನಿಯಿಂದ ಒಂದು ನಾಯಿ ಸುದ್ದಾ ಹುಮನಾಬಾದಿಗೆ ಹೋಗಂಗಿಲ್ಲ.”

“ನಮ್ಮನ್ಯಾಗ ನಾಯಿ ಎಲ್ಲಿ ಅದರಿ?” ಎಂದೆ.

“ಅಂದ್ರ ನೀ ಹೋಗಂಗಿಲ್ಲ ಅಂತ.”

ಹೀಗಾಯಿತು ನನ್ನ ಪಾಡು. ನಮ್ಮವರು ಗೆದ್ದರೆ ಅಲ್ಲಿ ಬಾಗಿಲು ಹಾಕುತ್ತಾರೆ, ಸೋತರೆ ಇಲ್ಲಿ ಹಾಕುತ್ತಾರೆ. ಅಮೃತಾ ಫೋನು ಎತ್ತುತ್ತಿರಲಿಲ್ಲ. ಎತ್ತಿದರೆ ಗಂಡನಿಗೆ ತಾಪ ಎಂದು ನನಗೆ ಗೊತ್ತಿದ್ದರೂ ಹೊಟ್ಟೆ ಉರಿಯುತ್ತಿತ್ತು.

ಇತ್ತ ಪ್ರಚಾರ ಜೋರಾಯಿತು. ನಮ್ಮ ಪಕ್ಷದ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಕುರಿ ಕಾಯುವವರು, ಒಕ್ಕಲುತನದವರು. ಅವರಿಗೆ ಭಾಷಣ ಹಿಡಿಸುವುದಿಲ್ಲ. ಅವರ ಮಾತು ಗಟ್ಟಿಯಾಗಬೇಕೆಂದರೆ ಮೈಲಾರ ಮಲ್ಲಣ್ಣನ ಭಂಡಾರ ಬೇಕು. ಭಂಡಾರವೆಂದರೆ ದೇವರ ಅರಿಶಿನ ಪುಡಿ. ಅದನ್ನು ಅಂಗೈಯಲ್ಲಿ ಹಿಡಿದು ಕೊಟ್ಟ ಮಾತನ್ನು ಅವರು ಸತ್ತರೂ ಮುರಿಯುವುದಿಲ್ಲ, ಮುರಿದರೆ ಹಿಂಡಿಗೆ ರೋಗ ಬೀಳುತ್ತದೆ ಎಂಬ ಹೆದರಿಕೆ. ನಮ್ಮದು ಲಿಂಗ ಕಟ್ಟಿದ ಮನೆತನ, ಭಂಡಾರದ ಬಳಕೆ ಇರಲಿಲ್ಲ. ಆದರೂ ನಮ್ಮವರು ಒಂದು ಡಬ್ಬಿ ತುಂಬ ಭಂಡಾರ ತರಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹಳ್ಳಿ ಹಳ್ಳಿ ತಿರುಗಿದರು. ಸಿಕ್ಕ ಸಿಕ್ಕವರ ಕೈಗೆ ಸುರಿದು, “ನನ್ನ ಹೆಸರಿನ ಮುಂದ ಗುರುತು ಹಾಕತೀನಿ ಅನ್ನು,” ಎಂದು ಅನ್ನಿಸಿದರು. ವೆಲ್ಡಿಂಗ್ ಅಂಗಡಿಯ ನಬೀಸಾಬರು ಭಂಡಾರ ಬೇಡ, ರೊಟ್ಟಿ ಮುಟ್ಟಿ ಹೇಳುತ್ತೇನೆ ಎಂದಾಗ ಒಲೆಯ ಮೇಲಿನ ರೊಟ್ಟಿ ತಂದುಕೊಟ್ಟವಳು ನಾನೇ. ಸಂಜೆ ಮನೆಗೆ ಬಂದರೆ ನಮ್ಮವರ ಜೇಬು, ಸ್ಟೀರಿಂಗು, ಚಷ್ಮ, ಎಲ್ಲ ಹಳದಿ. ಮದುವೆ ಮನೆಗೆ ನನ್ನನ್ನು ಬಿಡದ ಮನುಷ್ಯ ತಾನೇ ದಿನಾ ಅರಿಶಿನ ಹಚ್ಚಿಸಿಕೊಂಡು ಬರುತ್ತಿದ್ದ. ಸಿಟ್ಟು ಬರದೆ ಇರುತ್ತದೆಯೇ?

“ಒಬ್ಬರನ್ನೂ ಬಿಟ್ಟಿಲ್ಲ. ಎಲ್ಲಾರ ಆಣಿ ತಗೊಂಡೀನಿ. ಫಿಕರ್ ಮಾಡಬ್ಯಾಡ,” ಎಂದು ಅವರು ನನಗೇ ಧೈರ್ಯ ಹೇಳುತ್ತಿದ್ದರು.

ಒಬ್ಬರನ್ನು ಬಿಟ್ಟಿದ್ದರು. ನನ್ನನ್ನು. ಹೆಂಗಸರ ಸಂಖ್ಯೆ ತೋರಿಸಬೇಕೆಂದು ನನ್ನನ್ನೂ ಸದಸ್ಯೆಯನ್ನಾಗಿ ಮಾಡಿದ್ದರು, ಅಮೃತಾಳನ್ನು ಅವಳ ಗಂಡ ಮಾಡಿದಂತೆ. ಹೆಂಡತಿಯ ಆಣೆ ಯಾರು ಕೇಳುತ್ತಾರೆ? ಅದು ಹೇಗೂ ಮನೆಯ ವೋಟು.

ಚೀಟಿ ಹಾಕುವ ಹಿಂದಿನ ದಿನ ಘಾಟಬೋರಾಳದ ಮಡೆಪ್ಪ ಅಂಗಡಿಗೆ ಬಂದ. ಕುರಿ ಕಾಯುವ ಹಿರಿಯ, ನಿಯತ್ತಿನ ಮನುಷ್ಯ. ನಾನು ಚಹಾ ಕೊಟ್ಟು ವಿಚಾರಿಸಿದೆ.

“ಮಡೆಪ್ಪ, ನಮ್ಮವರಿಗೆ ಭಂಡಾರ ಹಿಡದಿಯಲ್ಲಾ?”

“ಹೌದ್ರಿ ಅವ್ವಾರ.”

“ಹುಮನಾಬಾದಿನವರು ಬಂದಿದ್ರೇನು?”

“ಬಂದಿದ್ರಲ್ರಿ. ಅವರಿಗೂ ಹಿಡದೀನಿ. ಮನಿಗಿ ಬಂದ ದೊಡ್ಡ ಮನಷ್ಯಾಗ ಇಲ್ಲ ಅನ್ನಾಕ ಹ್ಯಾಂಗ ಬರತದರಿ?”

“ಈಗ ಏನು ಮಾಡ್ತಿ?”

ಮಡೆಪ್ಪ ತಟ್ಟೆಗೆ ಚಹಾ ಸುರಿದುಕೊಂಡು ನಿಧಾನವಾಗಿ ಕುಡಿದ. “ಮಾಡೂದೇನ್ರಿ, ಇಬ್ಬರ ಮುಂದೂ ಗುರುತು ಹಾಕತೀನಿ. ಯಾರ ಮಾತೂ ಮುರಿಯಂಗಿಲ್ಲ. ಭಾಳ ವಿಚಾರ ಮಾಡಿ ಹುಡುಕೀನ್ರಿ ಈ ಹಾದಿ. ಯಾರಿಗೂ ಹೇಳಬ್ಯಾಡ್ರಿ ಮತ್ತ.”

ಇಬ್ಬರಿಗೂ ಹಾಕಿದರೆ ಯಾರಿಗೂ ಸಿಗುವುದಿಲ್ಲ ಎಂದು ನಾನು ಹೇಳಲಿಲ್ಲ. ಪಾಪ, ಅಷ್ಟು ಖುಷಿಯಲ್ಲಿದ್ದ. ಒಂದು ವೋಟು ಹಾಳಾದರೆ ಇಬ್ಬರಿಗೂ ಸಮ ಎಂದು ಸುಮ್ಮನಾದೆ. ಇಡೀ ಪಕ್ಷದಲ್ಲಿ ಮಡೆಪ್ಪ ಒಬ್ಬನೇ ಇಷ್ಟು ಜಾಣ ಎಂದುಕೊಂಡದ್ದು ನನ್ನ ಮೂರ್ಖತನ.

ಮಾರನೆಯ ದಿನ ಎರಡೂ ಊರಿನ ನಡುವೆ, ಹೆದ್ದಾರಿ ಬದಿಯ ಫಂಕ್ಷನ್ ಹಾಲಿನಲ್ಲಿ ಸಭೆ. ಹಾಲು ಹುಮನಾಬಾದಿಗೆ ಸ್ವಲ್ಪ ಹತ್ತಿರವೆಂದು ನಮ್ಮವರು ಮುನಿಸಿಕೊಂಡು ಅರ್ಧ ಗಂಟೆ ಕಾರಿನಿಂದ ಇಳಿಯಲಿಲ್ಲ. ಬೆಂಗಳೂರಿನಿಂದ ಒಬ್ಬ ವೀಕ್ಷಕರು ಬಂದಿದ್ದರು. ಬಿಳಿ ಬಟ್ಟೆ, ಮೃದು ಮಾತು. ಅವರು ಷಡ್ಡಕರಿಬ್ಬರನ್ನೂ ಒಂದೇ ಸೋಫಾದ ಮೇಲೆ ಕೂರಿಸಿದರು. ಇಬ್ಬರೂ ಒಬ್ಬೊಬ್ಬರು ಒಂದೊಂದು ತುದಿಗೆ ಸರಿದು ಕೂತರು. ನಡುವೆ ಇನ್ನಿಬ್ಬರು ಕೂರಬಹುದಿತ್ತು.

“ಒಗ್ಗಟ್ಟೇ ನಮ್ಮ ಬಲ,” ಎಂದು ವೀಕ್ಷಕರು ಭಾಷಣ ಮಾಡಿದರು. ಹೊರಗೆ ಎರಡು ಪೆಂಡಾಲುಗಳಲ್ಲಿ ಎರಡು ಅಡುಗೆ ಬೇಯುತ್ತಿತ್ತು. ನಮ್ಮ ಕಡೆ ಹುಗ್ಗಿ, ಅವರ ಕಡೆ ಜಿಲೇಬಿ. ಯಾರಿಗೂ ಬೇಸರವಾಗಬಾರದೆಂದು ಎಲ್ಲರೂ ಎರಡೂ ಕಡೆ ಉಂಡರು. ನಬೀಸಾಬರು ಬೆಲ್ಟು ಸಡಿಲಿಸುತ್ತ ಚೀಟಿ ಹಾಕಲು ಬಂದರು.

ಹೆಂಗಸರ ಸಾಲಿನಲ್ಲಿ ಅಮೃತಾ ನನಗಿಂತ ಮುಂದೆ ನಿಂತಿದ್ದಳು. ತಿರುಗಿ ನೋಡಲಿಲ್ಲ. ಬಡವಾಗಿದ್ದಳು, ಬೆನ್ನ ಮೇಲೆ ಕುಪ್ಪಸ ಸಡಿಲಾಗಿತ್ತು. ಕರೆಯಬೇಕೆಂದು ಬಾಯಿ ತೆರೆದೆ. ಅವಳ ಗಂಡ ನೋಡುತ್ತಿದ್ದರು, ನನ್ನ ಗಂಡನೂ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡೆ.

ಪರದೆಯ ಹಿಂದೆ ಚೀಟಿ ಹಿಡಿದು ನಿಂತಾಗ ಯೋಚಿಸಿದೆ. ನನ್ನ ಗಂಡ ಸೋತರೆ ಸಿಟ್ಟಾಗುತ್ತಾರೆ, ಎರಡು ದಿನ ಮಾತು ಬಿಡುತ್ತಾರೆ. ಮೂರನೆಯ ದಿನ ಬದನೆಕಾಯಿ ಎಣ್ಣೆಗಾಯಿ ಮಾಡಿ ಮುಂದಿಟ್ಟರೆ ಕರಗುತ್ತಾರೆ. ಅವರನ್ನು ಒಪ್ಪಿಸುವುದು ನನಗೆ ಗೊತ್ತು. ಅಶೋಕಕುಮಾರರು ಸೋತರೆ ಅವರನ್ನು ಒಪ್ಪಿಸುವುದು ನನ್ನಿಂದಾಗದು. ಹಾಗಾದರೆ ಸೋಲಬೇಕಾದವರು ನನ್ನ ಗಂಡನೇ. ಇಷ್ಟು ಚೀಟಿಗಳ ನಡುವೆ ನನ್ನದು ಯಾವುದೆಂದು ಯಾರಿಗೆ ಗೊತ್ತಾಗುತ್ತದೆ? ಅಶೋಕಕುಮಾರರ ಹೆಸರಿನ ಮುಂದೆ ಗುರುತು ಹಾಕಿ, ಮಡಚಿ, ಡಬ್ಬಿಗೆ ಬಿಟ್ಟು ಬಂದೆ. ತಪ್ಪು ಮಾಡಿದೆ ಅನ್ನಿಸಲಿಲ್ಲ.

ವೀಕ್ಷಕರು ಮೊದಲ ಚೀಟಿ ಬಿಚ್ಚಿದರು. “ಇದರಲ್ಲಿ ಎರಡೂ ಹೆಸರಿಗೆ ಗುರುತಿದೆ. ಅಸಿಂಧು.” ಮಡೆಪ್ಪನದು ಎಂದುಕೊಂಡೆ. ಎರಡನೆಯದೂ ಅಸಿಂಧು. ಮೂರನೆಯದೂ. ಹತ್ತಾದರೂ ಅದೇ ರಾಗ. ವೀಕ್ಷಕರು ಬೆವರು ಒರೆಸಿಕೊಂಡರು. ಸೋಫಾದ ಎರಡು ತುದಿಯಲ್ಲಿದ್ದವರು ತಿಳಿಯದೆ ನಡುವಿಗೆ ಸರಿದು ಒಬ್ಬರ ಮುಖ ಒಬ್ಬರು ನೋಡಿದರು.

“ಅಶೋಕ, ನೀನೂ ಭಂಡಾರ ಕೊಟ್ಟಿದ್ದೇನು?” ಎಂದರು ನಮ್ಮವರು. ಮೂರು ತಿಂಗಳಲ್ಲಿ ಆಡಿದ ಮೊದಲ ಮಾತು ಅದು.

“ಮತ್ತ? ನೀವೊಬ್ಬರೇ ಕೊಟ್ಟೀರಿ ಅಂತ ತಿಳದಿದ್ರೇನು?”

ನಮ್ಮವರು ಎದ್ದು ಸಭೆಯ ಕಡೆ ತಿರುಗಿದರು. “ಎಲೇ, ಆಣಿ ಮಾಡಿ ಮೋಸ ಮಾಡೀರೇನು?”

ಮಡೆಪ್ಪ ಹಿಂದಿನಿಂದ ಎದ್ದ. ಅವನ ಮುಖದಲ್ಲಿ ನಿಜವಾದ ನೋವಿತ್ತು. “ಮೋಸ ಅನಬ್ಯಾಡ್ರಿ ಸಾವುಕಾರ್ರ. ನಿಮ್ಮ ಹೆಸರಿನ ಮುಂದ ಗುರುತು ಹಾಕತೀನಿ ಅಂದಿದ್ದೆ, ಹಾಕೀನಿ. ಅವರ ಮುಂದ ಹಾಕಬ್ಯಾಡ ಅಂತ ನೀವು ಎಲ್ಲಿ ಅಂದಿದ್ರಿ?”

“ನಾನೂ ಬರೋಬ್ಬರಿ ಹಾಂಗೇ ಹಾಕೀನಿ,” ಎಂದರು ನಬೀಸಾಬರು. “ನಾನೂ,” ಎಂದಿತು ಇನ್ನೊಂದು ದನಿ. ಹಾಲಿನ ತುಂಬ ಮಾತು ಉಳಿಸಿಕೊಂಡವರೇ ಎದ್ದು ನಿಂತರು. ಎಲ್ಲರೂ ತಾವೊಬ್ಬರೇ ಜಾಣರೆಂದು ಗುಟ್ಟಾಗಿ ಇದೇ ಹಾದಿ ಹಿಡಿದಿದ್ದರು. ಇಂಥ ನಿಯತ್ತಿನ ಜನಕ್ಕೆ ಯಾರು ಬೈಯುತ್ತಾರೆ?

ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ನಗು ಬರಲಿಲ್ಲ. ಆಣೆ ಮಾಡಿದವರ ವೋಟೆಲ್ಲ ಹೋಯಿತೆಂದರೆ ಉಳಿಯುವುದು ಆಣೆ ಮಾಡದವರದು. ಆಣೆ ಮಾಡದವರು ನಾಲ್ಕೇ ಜನ. ಇಬ್ಬರು ಉಮೇದುವಾರರು, ಅವರ ಇಬ್ಬರು ಹೆಂಡಿರು. ಅಶೋಕಕುಮಾರರಿಗೆ ಅವರದೊಂದು, ಅಮೃತಾಳದೊಂದು, ನನ್ನದೊಂದು. ನಮ್ಮವರಿಗೆ ಅವರದೊಂದೇ. ಮೂರು, ಒಂದು ಎಂದು ವೀಕ್ಷಕರು ಓದಿದ ಕೂಡಲೇ ಹಾಲಿನಲ್ಲಿರುವ ಸಣ್ಣ ಮಗುವಿಗೂ ತಿಳಿಯುತ್ತದೆ ನಾನು ಏನು ಮಾಡಿದೆನೆಂದು. ಆಮೇಲೆ ಎಷ್ಟು ಬದನೆಕಾಯಿ ಬೇಯಿಸಿದರೂ ಆ ಸಿಟ್ಟು ಕರಗುವುದಿಲ್ಲ. ಮದುವೆ ಹಾಗಿರಲಿ, ನನ್ನ ಸಂಸಾರವೇ ಆ ಡಬ್ಬಿಯಲ್ಲಿತ್ತು.

“ಅಂತೂ ಒಂದು ಸಿಂಧು!” ವೀಕ್ಷಕರಿಗೆ ಹೋದ ಜೀವ ಬಂತು. “ಮಹಾರುದ್ರಪ್ಪ, ಒಂದು.”

ಅದು ಅವರದೇ. ಮತ್ತೆ ಒಂದು ರಾಶಿ ಅಸಿಂಧು. “ಅಶೋಕಕುಮಾರ, ಒಂದು.” ಸ್ವಲ್ಪ ಹೊತ್ತಿಗೆ, “ಅಶೋಕಕುಮಾರ, ಎರಡು.”

ನನ್ನವರು ನನ್ನ ಕಡೆ ತಿರುಗಿ ಸಮಾಧಾನದಿಂದ ತಲೆಯಾಡಿಸಿದರು. ಅವರ ಲೆಕ್ಕದಲ್ಲಿ ಇನ್ನು ಬರಬೇಕಾದ ಸಿಂಧು ಚೀಟಿ ನನ್ನದೊಂದೇ. ನಾನು ಸೆರಗಿನ ತುದಿ ಹಲ್ಲಲ್ಲಿ ಕಚ್ಚಿ ಹಿಡಿದಿದ್ದೆ. ಮಲ್ಲಣ್ಣನಿಗೆ ಎಂದೂ ಹರಕೆ ಹೊರದವಳು ಅವತ್ತು ಹೊತ್ತೆ.

ಡಬ್ಬಿಯಲ್ಲಿ ಕೊನೆಗೆ ಒಂದೇ ಚೀಟಿ ಉಳಿಯಿತು. ವೀಕ್ಷಕರು ಅದನ್ನು ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು ಓದಿದರು. “ಮಹಾರುದ್ರಪ್ಪ, ಎರಡು. ಸಮ ಸಮ!”

ಜನ ಚಪ್ಪಾಳೆ ತಟ್ಟಿದರು. ನನಗೆ ಮೊದಲು ಬದುಕಿಕೊಂಡೆ ಎಂಬುದಷ್ಟೇ ತಿಳಿಯಿತು. ಆಮೇಲೆ ತಲೆ ಓಡಿತು. ನಮ್ಮವರಿಗೆ ಎರಡು ಹೇಗೆ ಬಂತು? ಅವರಿಗೆ ನಾನು ಹಾಕಿಲ್ಲ. ಹಾಗಾದರೆ ಯಾರು ಹಾಕಿದರು?

ಎದುರು ಸಾಲಿನ ಕಡೆ ಕಣ್ಣೆತ್ತಿದೆ. ಅಮೃತಾ ನನ್ನನ್ನೇ ನೋಡುತ್ತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಕಣ್ಣಿನ ತುಂಬ ನೀರು. ತನ್ನ ಗಂಡನಿಗೆ ಎರಡು ಹೇಗೆ ಬಂತೆಂದು ಅವಳೂ ಅದೇ ಲೆಕ್ಕ ಮಾಡುತ್ತಿದ್ದಳು. ಗಂಡ ಸೋತರೆ ತಾನು ಒಪ್ಪಿಸಬಲ್ಲೆ, ಭಾವ ಸೋತರೆ ಅಕ್ಕ ಬರುವುದಿಲ್ಲ ಎಂದು ನನ್ನ ತಂಗಿ ಆ ಪರದೆಯ ಹಿಂದೆ ನಿಂತು ಯೋಚಿಸಿದ್ದಳು. ಇಷ್ಟು ಮಂದಿಯಲ್ಲಿ ಆ ಲೆಕ್ಕ ಬಲ್ಲವರು ನಾವಿಬ್ಬರೇ. ಮೂರು ತಿಂಗಳ ಹೊಟ್ಟೆಯುರಿ ಅಲ್ಲೇ ಆರಿಹೋಯಿತು.

ವೀಕ್ಷಕರು ಬೆಂಗಳೂರಿಗೆ ಫೋನು ಹಚ್ಚಿ ಬಂದು, ಇಬ್ಬರೂ ಅಧ್ಯಕ್ಷರು, ಆರಾರು ತಿಂಗಳು ನಡೆಸಿಕೊಂಡು ಹೋಗಿ, ಇದಕ್ಕಿಂತ ಒಗ್ಗಟ್ಟು ನಾನು ಎಲ್ಲೂ ಕಂಡಿಲ್ಲ ಎಂದು ಕೈಮುಗಿದರು. ಯಾರೂ ಸೋಲದ ಮೇಲೆ ಶಪಥಗಳಿಗೆ ಕೆಲಸ ಉಳಿಯಲಿಲ್ಲ. ಷಡ್ಡಕರಿಬ್ಬರೂ ಒಂದೇ ಹಾರದಲ್ಲಿ ಕತ್ತು ತೂರಿಸಿ ಫೋಟೊ ತೆಗೆಸಿಕೊಂಡರು. ಅಮೃತಾ ಜನರ ನಡುವೆ ನುಗ್ಗಿ ಬಂದು ನನ್ನ ಕೈ ಹಿಡಿದಳು.

“ಅಕ್ಕಾ, ನಾಳೆ ಕುಂಕುಮ ತಗೊಂಡು ಬರ್ತೀನಿ.”

“ಖಾಲಿ ಕುಂಕುಮ ಸಾಕೇನ? ದೀಪಾಲಿನೂ ಕರಕೊಂಡು ಬಾ,” ಎಂದೆ.

ಮನೆಗೆ ಹೋಗುವಾಗ ನಮ್ಮವರೇ ಕಾರು ಓಡಿಸಿದರು. ಊರು ಹತ್ತಿರ ಬಂದಾಗ ಮೆಲ್ಲಗೆ ಬಾಯಿ ಬಿಟ್ಟರು.

“ಕಸ್ತೂರಿ, ಇಡೀ ಜಿಲ್ಲಾ ನನ್ನ ಕೈ ಬಿಡ್ತು ನೋಡ. ನೀ ಒಬ್ಬಾಕಿ ಬಿಡಲಿಲ್ಲ. ನನ್ನ ಇಜ್ಜತ್ ಉಳಿಸಿದಾಕಿ ನೀನ.”

ಅವರ ದನಿ ಒಡೆದಿತ್ತು. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಎಷ್ಟು ಪ್ರೀತಿ ಬಂತೋ ಅಷ್ಟೇ ನಾಚಿಕೆಯೂ ಆಯಿತು. ಇದೇ ಹೊತ್ತಿಗೆ ಹುಮನಾಬಾದಿನ ದಾರಿಯಲ್ಲಿ ಅಶೋಕಕುಮಾರರೂ ನನ್ನ ತಂಗಿಗೆ ಇದೇ ಮಾತು ಹೇಳುತ್ತಿರುತ್ತಾರೆ ಎಂಬುದು ನೆನಪಾಗಿ, ತಡೆಯಲಾರದ ನಗು ಉಕ್ಕಿತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಭುಜ ಅಲುಗುತ್ತಿತ್ತು.

“ಅಳಬ್ಯಾಡ ಹುಚ್ಚಿ,” ಎಂದು ನಮ್ಮವರು ಕಾರು ನಿಲ್ಲಿಸಿ, ಅಧ್ಯಕ್ಷರಿಗೆ ಹೊದಿಸಿದ್ದ ಶಾಲಿನಿಂದ ನನ್ನ ಕಣ್ಣು ಒರೆಸಿದರು.