ಸರಿಮಾಡಿದ ಯುಕುಲೇಲಿ

ಆ ಲಿಫ್ಟ್ ಮೆಕ್ಯಾನಿಕ್‌ನ ಕೈ ಸುಮ್ಮನಿರುವ ಜಾತಿಯದಲ್ಲ. ಮನೆಗೆ ಬಂದ ನೆಂಟರು ಕೂತ ಕುರ್ಚಿ ಅಲುಗಿದರೆ ಮಾತನ್ನು ಅರ್ಧಕ್ಕೇ ಬಿಟ್ಟು, ಅವರನ್ನು ಎಬ್ಬಿಸಿ, ಕುರ್ಚಿಯ ಕಾಲಿಗೆ ರಟ್ಟಿನ ಚೂರು ಕೊಟ್ಟು ಮತ್ತೆ ಕೂರಿಸುತ್ತಿದ್ದ. ಬಾಗಿಲು ಕಿರ್ರೆಂದರೆ ಎಣ್ಣೆಯ ಡಬ್ಬಿ ಹುಡುಕುತ್ತಿದ್ದ. "ಅಲುಗಾಡದೆ ಕೂತ್ಕೊಳ್ಳಿ, ಇವರ ಕಣ್ಣಿಗೆ ಬಿದ್ರೆ ನಿಮ್ಮನ್ನೂ ಬಿಚ್ಚಿಬಿಡ್ತಾರೆ" ಎಂದು ಹೆಂಡತಿ ನೆಂಟರನ್ನು ನಗಿಸುತ್ತಿದ್ದಳು. ಅವನಿಗೂ ಅದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಹೆಂಡತಿ ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಬಟ್ಟೆ ಒಗೆಯುವ ವಿಭಾಗದಲ್ಲಿ. ಹಾಸಿಗೆ ಬಟ್ಟೆ, ದಿಂಬಿನ ಚೀಲ, ರೋಗಿಗಳ ಅಂಗಿ ಎಲ್ಲವನ್ನೂ ಒಣಗಿಸಿ, ಇಸ್ತ್ರಿಗೆ ಕೊಟ್ಟು, ಮಡಿಸಿ ಮೇಲಿನ ವಾರ್ಡುಗಳಿಗೆ ಕಳಿಸುವ ಕೆಲಸ. ಸಂಜೆ ಮನೆಗೆ ಬರುವ ಹೊತ್ತಿಗೆ ತೋಳು ಸೋತಿರುತ್ತಿತ್ತು. ಹಾಗಿರುವಾಗ ಅವಳ ತಂಗಿ ಒಂದು ದಿನ ಬೀರು ಖಾಲಿ ಮಾಡುತ್ತಾ, ಮೂಲೆಯಲ್ಲಿದ್ದ ಯುಕುಲೇಲಿಯೊಂದನ್ನು ತೆಗೆದು ಅವಳ ಕೈಗೆ ಹಾಕಿದಳು.

"ನಾನು ನಾಲ್ಕು ದಿನ ಕುಟ್ಟಿ ಬಿಟ್ಟೆ ಕಣಕ್ಕ. ನಿಂಗಾದ್ರೂ ಒಲಿಯುತ್ತಾ ನೋಡು."

ಒಲಿಯಿತು. ಗಿಟಾರಿನ ಮರಿಯಂತಿದ್ದ ಆ ಪುಟ್ಟ ವಾದ್ಯವನ್ನು ಅವಳು ಮಗುವನ್ನು ಎತ್ತಿಕೊಂಡಂತೆ ಎದೆಗಾನಿಸಿಕೊಂಡು, ಅಡುಗೆಮನೆಯ ಕಿಟಕಿಯ ಬಳಿ ಕೂರುತ್ತಿದ್ದಳು. ಫೋನಿನಲ್ಲಿ ಯಾರೋ ಹೇಳಿಕೊಡುತ್ತಿದ್ದುದನ್ನು ನೋಡಿ ಕಲಿಯುವುದು. ಒಲೆಯ ಮೇಲೆ ನೀರು ಕಾಯುವಷ್ಟರಲ್ಲಿ ಒಂದು ಸಾಲು ನುಡಿಸುವುದು. ಬೆರಳು ತಪ್ಪಿದರೆ ತನ್ನಷ್ಟಕ್ಕೇ ನಕ್ಕು ಮತ್ತೆ ಮೊದಲಿನಿಂದ ಶುರುಮಾಡುವುದು.

ಗಂಡ ಬಾಗಿಲಿಗೊರಗಿ ಕೇಳಿಸಿಕೊಂಡ. ಅವನ ಕಿವಿ ನಿಜಕ್ಕೂ ಸೂಕ್ಷ್ಮವಾದದ್ದು. ಮೋಟಾರಿನ ಸದ್ದಿನಲ್ಲೇ ಬೇರಿಂಗ್ ಸವೆದದ್ದನ್ನು ಹೇಳಬಲ್ಲವನು.

"ಇದರಲ್ಲಿ ಏನೋ ತಪ್ಪಿದೆ ಕಣೇ. ಮೇಲಿನ ತಂತಿ ದಪ್ಪ ಇರಬೇಕಿತ್ತು. ಇಲ್ಲಿ ನೋಡು, ಸಣ್ಣದು ಹಾಕಿದ್ದಾರೆ."

"ಇದು ಇರೋದೇ ಹಾಗಂತೆ ರೀ."

"ಇರೋದೇ ಹಾಗೆ ಅಂದ್ರೆ? ಗಿಟಾರಲ್ಲಿ ಎಲ್ಲಿರುತ್ತೆ ದಪ್ಪದ್ದು? ಮೇಲೆ ತಾನೇ?"

"ನಂಗೆ ಅದು ಹಾಗೆ ಕಿಣಿಕಿಣಿ ಅನ್ನೋದೇ ಚೆನ್ನಾಗಿದೆ."

ಆ ಮಾತು ಅವನ ಕಿವಿಗೆ ಬಿತ್ತು, ಅಷ್ಟೇ. ರಜೆಯ ದಿನ ವಾದ್ಯಗಳ ಅಂಗಡಿಗೆ ಹೋಗಿ, ಲೋಹದ ಎಳೆ ಸುತ್ತಿದ ದಪ್ಪ ತಂತಿಯೊಂದನ್ನು ತಂದು ಮೇಲಿನ ಬಿರಡೆಗೆ ಬಿಗಿದ. ಮೀಟಿದರೆ ಗುಂಯ್ ಎಂದು ಆಳದಿಂದ ದನಿ ಬಂತು. ಅವನ ಮುಖ ಅರಳಿತು. ಅವಳು ತನ್ನ ಹಾಡನ್ನು ನುಡಿಸಿ ನೋಡಿದಳು. ಕಿಣಿಕಿಣಿ ಎನ್ನಬೇಕಾದ ಕಡೆಯಲ್ಲೆಲ್ಲ ಆ ಗುಂಯ್.

"ನಾನು ಹಾಡ್ತಿದ್ರೆ ನಡುವೆ ಯಾರೋ ಗಂಡಸು ಬಾಯಿ ಹಾಕಿದ ಹಾಗಿದೆ" ಎಂದಳು.

ಇಬ್ಬರೂ ನಕ್ಕರು. "ರೂಢಿಯಾಗುತ್ತೆ ಬಿಡು" ಎಂದ ಅವನು.

ರೂಢಿಯಾಗುವ ಹೊತ್ತಿಗೆ ಆ ತಂತಿ ಅಲ್ಲಿರಲಿಲ್ಲ. ಮೀನು ಹಿಡಿಯುವ ದಾರವನ್ನೂ ಇದಕ್ಕೆ ಹಾಕುತ್ತಾರೆಂದು ಎಲ್ಲೋ ಓದಿ, ಗಾಳದ ಅಂಗಡಿಯಿಂದ ಗಾಜಿನಂತೆ ಹೊಳೆಯುವ ದಾರ ತಂದು ನಾಲ್ಕೂ ತಂತಿ ಬದಲಾಯಿಸಿದ. ದನಿ ಚುರುಕಾಯಿತು, ಅವಳ ಬೆರಳ ತುದಿ ಕೆಂಪಾಯಿತು. ಬಳಿಕ ಮೆತ್ತನೆಯ ಕಪ್ಪು ನೈಲಾನ್ ಬಂತು. ಅದರ ದನಿ ಮಂಕಾಯಿತೆಂದು ಎರಡು ಆ ಜಾತಿ, ಎರಡು ಈ ಜಾತಿ ಬೆರೆಸಿ ಹಾಕಿದ. ಹೊಸ ತಂತಿ ಜಗ್ಗುತ್ತಲೇ ಇರುತ್ತದೆ. ಶ್ರುತಿ ನಿಲ್ಲುವುದಕ್ಕೆ ಹಲವು ದಿನ ಬೇಕು. ಸಂಜೆ ಅವಳಿಗೆ ಸಿಗುತ್ತಿದ್ದ ಅಷ್ಟು ಹೊತ್ತು ಬಿರಡೆ ತಿರುಗಿಸುವುದರಲ್ಲೇ ಮುಗಿಯುತ್ತಿತ್ತು.

"ಹೊಸ ಹಗ್ಗ ಅಂದ್ಮೇಲೆ ಎಳೆಯುತ್ತೆ ಕಣೇ, ನಮ್ಮ ಲಿಫ್ಟಿಂದೂ ಅಷ್ಟೇ" ಎನ್ನುತ್ತಿದ್ದ ಅವನು. ಅದು ಎಳೆದು ನಿಂತಿತು ಎನ್ನುವಷ್ಟರಲ್ಲಿ ಅವನ ಜೇಬಿನಲ್ಲಿ ಇನ್ನೊಂದು ಪೊಟ್ಟಣ ಇರುತ್ತಿತ್ತು.

ತಂಗಿಯ ಮಗಳ ಹುಟ್ಟುಹಬ್ಬಕ್ಕೆ ಒಂದು ಹಾಡು ನುಡಿಸುತ್ತೇನೆಂದು ಅವಳು ಮಾತು ಕೊಟ್ಟಿದ್ದಳು. ಹಿಂದಿನ ದಿನ, ಅವಳು ಕೆಲಸಕ್ಕೆ ಹೋದಾಗ, ಅವಳಿಗೆ ಖುಷಿಯಾಗಲೆಂದೇ ಅವನು ಅತ್ಯುತ್ತಮವೆಂದು ಹೆಸರಾದ ತಂತಿಗಳನ್ನು ಹಾಕಿಟ್ಟ. ಬಂದು ನೋಡಿದ ಅವಳು ಚೀಲ ಕೆಳಗಿಟ್ಟು ಬಿರಡೆಗೆ ಕೈ ಹಾಕಿದಳು. ಮಲಗುವ ತನಕ ಶ್ರುತಿ ಮಾಡುತ್ತಾ ಕೂತಳು. ಮರುದಿನ ತಂಗಿಯ ಮನೆಯ ಹಜಾರದಲ್ಲಿ, ಎಲ್ಲರೂ ಸುತ್ತ ಕೂತಿದ್ದಾಗ, ಎರಡನೆಯ ಸಾಲಿಗೇ ತಂತಿಗಳು ಇಳಿಯತೊಡಗಿದವು. ಅವಳ ಕೊರಳು ಒಂದು ಕಡೆ, ವಾದ್ಯ ಇನ್ನೊಂದು ಕಡೆ. ಮಕ್ಕಳು ಕಿಸಕ್ಕೆಂದರು. ಅವಳೂ ನಕ್ಕು, "ಇವತ್ತು ಇದಕ್ಕೆ ಶೀತ ಆಗಿದೆ" ಎಂದು ಯುಕುಲೇಲಿಯನ್ನು ಸೋಫಾದ ಹಿಂದಕ್ಕೆ ಇಟ್ಟಳು.

ಆಮೇಲೆ ಅವಳು ಮನೆಯಲ್ಲಿ ನುಡಿಸಿದ್ದನ್ನು ಅವನು ಕಾಣಲಿಲ್ಲ. ಕೇಳಿದರೆ, "ಆಮೇಲೆ ರೀ, ಕೈ ನೋಯ್ತಿದೆ." ಮತ್ತೊಮ್ಮೆ ಕೇಳಿದರೆ, "ನಾಳೆ ನೋಡೋಣ." ಆಸಕ್ತಿ ಹೋಗಿರಬೇಕು, ತಂಗಿಯಂತೆ ಅಕ್ಕ ಎಂದುಕೊಂಡು ಅವನು ಸುಮ್ಮನಾದ. ತಂತಿಗಳೇನೋ ಕೊನೆಗೂ ಜಗ್ಗುವುದನ್ನು ನಿಲ್ಲಿಸಿದವು. ಅಷ್ಟು ಒಳ್ಳೆಯ ದನಿ ಬರುತ್ತಿದ್ದ ವಾದ್ಯ ಗೋಡೆಯ ಮೊಳೆಗೆ ನೇತುಬಿತ್ತು. ಧೂಳು ಒರೆಸುವಾಗ ಅವನೇ ಒಮ್ಮೆ ಮೀಟಿ ತಲೆದೂಗುತ್ತಿದ್ದ. ಹೀಗೆ ಎರಡು ವರ್ಷ ಕಳೆಯಿತು.

ಒಂದು ಬೆಳಿಗ್ಗೆ, ಹೆಂಡತಿ ಕೆಲಸಕ್ಕೆ ಹೊರಟುಹೋದ ಮೇಲೆ, ಅವನ ಕಂಪನಿಯಿಂದ ಫೋನು ಬಂತು. ಅವಳ ಆಸ್ಪತ್ರೆಯ ಲಿಫ್ಟುಗಳನ್ನು ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿಗೆ ಜ್ವರ. ಬದಲಿಗೆ ಅವನು ಹೋಗಬೇಕು. ಬಟ್ಟೆಯ ಗಾಡಿಗಳನ್ನು ಸಾಗಿಸುವ ಲಿಫ್ಟು ನೆಲಮಾಳಿಗೆಯಲ್ಲಿ ನಿಲ್ಲುವಾಗ ಕುಲುಕುತ್ತಿತ್ತು. ಅದನ್ನು ಮೇಲಿನ ಮಹಡಿಯಲ್ಲಿ ನಿಲ್ಲಿಸಿ, ಅವನು ಕೆಳಗಿನ ಗುಂಡಿಗೆ ಇಳಿದು ಕೂತ. ಊಟದ ಹೊತ್ತಾಯಿತು. ಒಗೆಯುವ ಯಂತ್ರಗಳ ಸದ್ದು ಒಂದೊಂದಾಗಿ ನಿಂತಿತು. ಆಗ, ತಲೆಯ ಮೇಲಿನ ಲಿಫ್ಟಿನ ಬಾಗಿಲಿನ ಸಂದಿಯಿಂದ ಯುಕುಲೇಲಿಯ ದನಿ ಕೇಳಿಸಿತು.

ಹಳೆಯ ತಂತಿಗಳು, ಎಂದುಕೊಂಡ ಅವನು. ದನಿಯಲ್ಲಿ ಜೀವವಿಲ್ಲ. ಕೆಳಗಿನಿಂದ ಎರಡನೆಯ ತಂತಿ ಕೂದಲೆಳೆಯಷ್ಟು ಇಳಿದಿದೆ. ಬಿರಡೆಯನ್ನು ತುಸು ತಿರುಗಿಸಿದರೆ ಸಾಕು. ಅವನ ಕೈ ಕಡಿಯತೊಡಗಿತು. ಅಷ್ಟರಲ್ಲಿ ಹಾಡು ಶುರುವಾಯಿತು. ಹೆಂಡತಿಯ ಕೊರಳು. ಹಾಡು ಎಲ್ಲಿಯೂ ತಡೆಯದೆ, ತಪ್ಪಿದ ಕಡೆ ನಗುತ್ತಾ ಮುಂದಕ್ಕೆ ಹೋಗಿ, ಪೂರ್ತಿಯಾಗಿ ಮುಗಿಯಿತು. ಚಪ್ಪಾಳೆಯ ಸದ್ದಾಯಿತು. ಅವಳು ಒಂದು ಹಾಡನ್ನು ಕೊನೆಯ ತನಕ ನುಡಿಸಿದ್ದನ್ನು ಅವನು ಕೇಳಿದ್ದು ಅದೇ ಮೊದಲು.

ಗುಂಡಿಯಿಂದ ಹತ್ತಿ ಬಂದು, ಕೈ ಒರೆಸಿಕೊಳ್ಳುತ್ತಾ ಅವನು ಬಾಗಿಲು ತಳ್ಳಿದ. ಮಡಿಸಿದ ಹಾಸಿಗೆ ಬಟ್ಟೆಗಳ ಅಟ್ಟಿಯ ಮೇಲೆ ಅವಳು ಕೂತಿದ್ದಳು. ಸುತ್ತ ಡಬ್ಬಿ ಬಿಚ್ಚಿಕೊಂಡ ಮೂರ್ನಾಲ್ಕು ಹೆಂಗಸರು.

"ಅಯ್ಯೋ, ನೀವಾ? ಇಲ್ಲೆಲ್ಲಿ?" ಎಂದಳು.

ಅವನು ಲಿಫ್ಟಿನ ವಿಷಯ ಹೇಳಿದ. "ನಮ್ಮ ಮನೆಯವರು" ಎಂದು ಅವಳು ಉಳಿದವರಿಗೆ ಪರಿಚಯ ಮಾಡಿಕೊಟ್ಟಳು. ಇಸ್ತ್ರಿ ವಿಭಾಗದ ಹಿರಿಯಕ್ಕ ಜಾಗ ಬಿಟ್ಟು ಕೂರಿಸಿದಳು.

"ನನ್ನ ಮಗಳು ಬಿಟ್ಟುಹೋಗಿದ್ದು ಇದು. ಇವಳು ಬಂದ್ಮೇಲೇ ಇದಕ್ಕೆ ಬಾಯಿ ಬಂದಿದ್ದು. ನೀವು ಮೆಕ್ಯಾನಿಕ್ ಅಲ್ವಾ? ತಂತಿ ತುಂಬ ಹಳೇದಾಗಿದೆ, ಒಂದ್ಸಲ ನೋಡ್ಬಾರ್ದಾ?"

"ಬೇಡ" ಎಂದಳು ಹೆಂಡತಿ.

ಮೆಲ್ಲಗೇ ಹೇಳಿದ್ದಳು. ಆದರೆ ಹೇಳುವ ಮೊದಲೇ ವಾದ್ಯವನ್ನು ಎರಡೂ ಕೈಯಿಂದ ತಬ್ಬಿ, ಅವನಿಂದ ಅಷ್ಟು ಆಚೆಗೆ ಸರಿಸಿಕೊಂಡಿದ್ದಳು. ತಾನು ಹಾಗೆ ಮಾಡಿದ್ದು ಅವಳಿಗೂ ಗೊತ್ತಾಯಿತು. ಮುಖ ತಗ್ಗಿಸಿದಳು. ಹಿರಿಯಕ್ಕ ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿ ತನ್ನ ಡಬ್ಬಿಯ ಕಡೆ ತಿರುಗಿದಳು.

ಸಂಜೆ ಬಸ್ಸಿನಲ್ಲಿ ಅವನು ಅಂದ, "ಮನೇಲಿ ಅಷ್ಟು ಚೆನ್ನಾಗಿರೋದು ಒಂದಿದೆಯಲ್ಲೇ."

"ಚೆನ್ನಾಗೇ ಇದೆ. ನಾನೆಲ್ಲಿ ಇಲ್ಲ ಅಂದೆ?" ಎಂದಳು. ಕಿಟಕಿಯಾಚೆ ನೋಡಿ, "ಅದು ನಿಮ್ದಾಗಿಬಿಡ್ತು ರೀ. ನಂಗೆ ಏನೋ ಒಂದು ಗುನುಗಿಕೊಂಡ್ರೆ ಸಾಕಿತ್ತು."

"ಆಗಲೇ ಹೇಳ್ಬಾರ್ದಿತ್ತಾ?"

"ಹೇಳ್ದೆ. ನೀವು ಅಷ್ಟು ಖುಷಿಯಾಗಿ ತರ್ತಿದ್ರಿ. ಎಷ್ಟು ಸಲ ಅಂತ ಹೇಳಲಿ?"

ಇನ್ನು ಅದನ್ನು ಮುಟ್ಟುವುದಿಲ್ಲ, ಮನೆಯಲ್ಲೂ ನುಡಿಸು ಎಂದು ಅವನು ಬೇಡಿಕೊಂಡ. ಅವನ ಮನಸ್ಸು ನೋಯಿಸಬಾರದೆಂದು ಅವಳು ಮನೆ ಸೇರಿದ ಮೇಲೆ ಮೊಳೆಯಿಂದ ಯುಕುಲೇಲಿ ಇಳಿಸಿ ಕೂತಳು. ಅವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಎದುರು ಕೂತ. ಎರಡು ಸಾಲು ನುಡಿಸಿದಳು. ಒಂದು ಸ್ವರ ತಪ್ಪಿತು. ಅವಳ ಕಣ್ಣು ಥಟ್ಟನೆ ಅವನ ಮುಖಕ್ಕೆ ಹೋಯಿತು. ಅವನೇನೂ ಅಂದಿರಲಿಲ್ಲ, ಆದರೆ ಹುಬ್ಬು ಗಂಟಿಕ್ಕಿದ್ದು ಅವನಿಗೇ ತಿಳಿಯಿತು. ಕೈ ಕಟ್ಟಿಹಾಕಬಹುದು, ಮುಖವನ್ನು ಏನು ಮಾಡುವುದು? ಅವಳು ಹಾಡನ್ನು ಅಲ್ಲಿಗೇ ಬಿಟ್ಟು, "ಊಟಕ್ಕೆ ಏನು ಮಾಡಲಿ?" ಎಂದು ಎದ್ದಳು.

ಜ್ವರ ಇಳಿದು ಕೆಲಸಕ್ಕೆ ಬಂದ ಸಹೋದ್ಯೋಗಿ, "ಆಸ್ಪತ್ರೆ ಇನ್ನು ನೀವೇ ಇಟ್ಕೊಳ್ಳಿ ಅಣ್ಣ. ಅತ್ತಿಗೆ ಅಲ್ಲೇ ಇದ್ದಾರಲ್ಲ, ಮಧ್ಯಾಹ್ನ ಜೊತೇಲಿ ಊಟ ಮಾಡಬಹುದು" ಎಂದ.

"ಬೇಡಪ್ಪ. ಆ ಗುಂಡಿ ಹತ್ತಿ ಇಳಿಯೋಕೆ ಸೊಂಟಕ್ಕಾಗಲ್ಲ" ಎಂದ ಅವನು. ತಾನು ಆ ಕಟ್ಟಡದಲ್ಲಿದ್ದೇನೆಂದು ಗೊತ್ತಾದರೆ ಅವಳು ನುಡಿಸಲಾರಳು. ಅದನ್ನು ಹೇಳಿಕೊಳ್ಳುವಂತಿರಲಿಲ್ಲ.

ಈಗ ಮಧ್ಯಾಹ್ನ, ಯಾವುದೋ ಕಟ್ಟಡದ ಮೇಲಿನ ಯಂತ್ರದ ಕೋಣೆಯಲ್ಲಿ ಡಬ್ಬಿ ಬಿಚ್ಚುವಾಗ, ಅವಳೂ ಈಗ ನುಡಿಸುತ್ತಿರಬೇಕು ಅನ್ನಿಸುತ್ತದೆ ಅವನಿಗೆ. ಅಂದು ಗುಂಡಿಯಲ್ಲಿ ಕೂತು ಕೇಳಿದ ಹಾಡನ್ನು ನೆನಪಿಸಿಕೊಳ್ಳಲು ನೋಡುತ್ತಾನೆ. ರಾಗ ಬರುವುದಿಲ್ಲ. ಮಾತುಗಳೂ ಬರುವುದಿಲ್ಲ. ನೆನಪಿರುವುದು, ಎರಡನೆಯ ತಂತಿ ಕೂದಲೆಳೆಯಷ್ಟು ಇಳಿದಿತ್ತು ಎನ್ನುವುದೊಂದೇ.