ಅಂಗೈ ಅಗಲ

ಅಮ್ಮ ಮಹದೇವಮ್ಮ ಕೈಚೀಲದ ತಳದಲ್ಲಿ ಅಡಗಿಸಿಟ್ಟಿದ್ದ ಲಟ್ಟಣಿಗೆಯನ್ನು ರಕ್ಷಿತಾ ಮತ್ತೆ ಹೊರಗೆಳೆದು ಮಂಚದ ಮೇಲಿಟ್ಟಳು.

"ಇದು ದೊಡ್ಡ ಸೂಟ್‌ಕೇಸಿಗೆ ಅಂತ ಆಗ್ಲೇ ಹೇಳ್ದೆ ತಾನೇ? ಕೈಲಿ ಹಿಡ್ಕೊಂಡು ಹೋದ್ರೆ ಒಳಗೆ ಬಿಡಲ್ಲ."

"ಯಾಕ್ ಬಿಡಲ್ಲ? ನಾನೇನು ಅದ್ರಲ್ಲಿ ವಿಮಾನ ಓಡ್ಸೋನಿಗೆ ಹೊಡೆದ್ಬುಡ್ತೀನಾ?"

"ನೀನು ಹೊಡೆಯಲ್ಲ ಅಂತ ಅವರಿಗೆ ಹೆಂಗಮ್ಮ ಗೊತ್ತಾಗ್ಬೇಕು?"

ಮೂಲೆಯಲ್ಲಿ ಕೂತು ಕಣಕ ಮುಚ್ಚುವ ಬಟ್ಟೆಗಳನ್ನು ಮಡಚುತ್ತಿದ್ದ ನೀಲಮ್ಮ ಕಿಸಕ್ಕನೆ ನಕ್ಕಳು. "ಅದನ್ನ ಶಿವಮಲ್ಲಪ್ಪಣ್ಣನ್ನ ಕೇಳ್ಬೇಕು ಕಣಮ್ಮ. ರುಚಿ ಕಂಡೋರು ಅವ್ರು."

"ನನ್ನ ಯಾಕ್ರಪ್ಪ ಎಳೀತೀರಾ," ಎಂದು ಹಜಾರದಿಂದ ಮಹದೇವಮ್ಮನ ಗಂಡನ ಧ್ವನಿ ಕೇಳಿತು. "ನಾನು ವಿಮಾನಾನೂ ಹತ್ತಲ್ಲ, ಏಟೂ ತಿಂದಿಲ್ಲ."

ಮಹದೇವಮ್ಮ ಲಟ್ಟಣಿಗೆಯನ್ನು ಸೆರಗಿನಿಂದ ಒರೆಸಿ, ತೊಟ್ಟಿಲ ಕೂಸನ್ನು ಮಲಗಿಸುವಂತೆ ಸೂಟ್‌ಕೇಸಿನ ಸೀರೆಗಳ ನಡುವೆ ಮಲಗಿಸಿದಳು. ಮಂಡಿ ಮೊಹಲ್ಲಾದಲ್ಲಿ ಒಬ್ಬಟ್ಟಿನ ಮಹದೇವಮ್ಮ ಎಂದರೆ ಅರಿಶಿನದ ಮಂಡಿಯ ಹಮಾಲಿಯಿಂದ ಹಿಡಿದು ಪೇಟೆಯ ಸಾಹುಕಾರರ ತನಕ ಎಲ್ಲರಿಗೂ ಗೊತ್ತು. ಅವಳ ಒಬ್ಬಟ್ಟನ್ನು ಬೆಳಕಿಗೆ ಹಿಡಿದರೆ ಆ ಕಡೆಯ ಬೆರಳು ಕಾಣುತ್ತದೆ ಎಂದು ಜನ ಹೇಳುತ್ತಿದ್ದರು. ಜನ ಸ್ವಲ್ಪ ಹೆಚ್ಚು ಮಾಡಿಯೇ ಹೇಳುತ್ತಿದ್ದರು. ಅವಳು ಅಲ್ಲ ಅನ್ನುತ್ತಿರಲಿಲ್ಲ. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದು ಈಗ ದುಬೈನಲ್ಲಿ ಅಂಗಡಿ ಇಟ್ಟಿರುವ ಷಡಕ್ಷರಿ, ಮಗಳ ಮದುವೆಗೆ ಬೇರೆ ಏನು ಎಲ್ಲಿಂದ ಬಂದರೂ ಸರಿ, ಒಬ್ಬಟ್ಟು ಮಾತ್ರ ಮಹದೇವಕ್ಕನ ಕೈಯದೇ ಆಗಬೇಕು ಎಂದು ಹಟ ಹಿಡಿದು, ಅವಳಿಗೂ ಜೊತೆಗಾತಿ ನೀಲಮ್ಮನಿಗೂ ಟಿಕೆಟ್ಟು ವೀಸಾ ಎರಡನ್ನೂ ಕಳಿಸಿದ್ದ. ಕೈಯ ಕೆಲಸ ಹುಡುಕಿಕೊಂಡು ಸಮುದ್ರ ದಾಟಿ ಕರೆ ಬಂದಿದೆ ಎಂದು ಮಹದೇವಮ್ಮ ತರಕಾರಿಯವನಿಗೂ ಹೇಳಿಯಾಗಿತ್ತು. ಹೋಗಲೇಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದರೆ, ಅದನ್ನು ಮುಚ್ಚಿಟ್ಟುಕೊಳ್ಳಲು ಇಡೀ ದಿನ ಎಲ್ಲರನ್ನೂ ಬಯ್ಯುತ್ತಿದ್ದಳು.

ರಕ್ಷಿತಾ ಮದುವೆಯಾಗಿ ಸಿದ್ಧಾರ್ಥನಗರದಲ್ಲಿದ್ದಳು. ಅಲ್ಲೇ ಮನೆ ಹತ್ತಿರದ ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸ. ಬೆಳಗಿನಿಂದ ಸಂಜೆ ತನಕ ಫೋನಿನಲ್ಲಿ ಅದೇ ಮಾತು: ಮೂರು ಗಂಟೆ ಮುಂಚೆ ಹೋಗಿ ಸಾರ್, ಪಾಸ್‌ಪೋರ್ಟು ಸೂಟ್‌ಕೇಸಲ್ಲಿ ಹಾಕ್ಬೇಡಿ ಮೇಡಂ, ಪವರ್ ಬ್ಯಾಂಕು ಕೈಚೀಲದಲ್ಲೇ ಇರಲಿ, ಗುರುತಿಲ್ಲದೋರು ಹಿಡ್ಕೊಳ್ಳಿ ಅಂದ್ರೆ ಅವರ ಬ್ಯಾಗು ಹಿಡ್ಕೋಬೇಡಿ. ಅಷ್ಟು ಜನರನ್ನು ಹಾರಿಸಿದವಳು ತಾನು ಮಾತ್ರ ಒಮ್ಮೆಯೂ ಹಾರಿರಲಿಲ್ಲ.

"ಬಸ್ ಸ್ಟ್ಯಾಂಡಲ್ಲಿ ಚಾಮರಾಜನಗರ, ಚಾಮರಾಜನಗರ ಅಂತ ಕೂಗ್ತಾನಲ್ಲ, ಅಂಗೇ ಇವ್ಳು," ಎಂದಳು ಮಹದೇವಮ್ಮ ನೀಲಮ್ಮನಿಗೆ. "ಎಲ್ರುನ್ನೂ ಹತ್ಸಿ ತಾನು ಅಲ್ಲೇ ನಿಂತಿರ್ತಾನೆ."

"ಅವನು ಕೂಗಿಲ್ದಿದ್ರೆ ನೀನು ನಂಜನಗೂಡಿಗೆ ಹೋಗೋ ಬಸ್ಸಲ್ಲಿ ಕೂತಿರ್ತಿದ್ದೆ. ಇದೇನಿದು?" ರಕ್ಷಿತಾ ಸೀರೆ ಮಡಿಕೆಯೊಳಗಿಂದ ಒಂದು ಸಣ್ಣ ಪೊಟ್ಟಣ ತೆಗೆದಳು.

"ಗಸಗಸೆ," ಎಂದಳು ನೀಲಮ್ಮ. "ಒಬ್ಬಟ್ಟಿನ ಜೊತೆ ಒಂದಿಷ್ಟು ಪಾಯಸ ಮಾಡಾಣ ಅಂತ."

"ಅಯ್ಯೋ ನೀಲಕ್ಕ! ಗಸಗಸೆ ಅಲ್ಲಿ ಅಫೀಮಿನ ಲೆಕ್ಕ. ಸಿಕ್ಕಿಬಿದ್ರೆ ಜೈಲು ಕಣ್ರೀ, ಜೈಲು!"

ನೀಲಮ್ಮ ಪೊಟ್ಟಣವನ್ನು ಚೇಳು ಕಂಡವಳಂತೆ ನೋಡಿದಳು. "ನಮ್ಮತ್ತೆ ಪಾಯಸ ಕುಡಿದು ಮಧ್ಯಾಹ್ನೆಲ್ಲಾ ನಿದ್ದೆ ಹೊಡೀತಿದ್ದಿದ್ದು ಅದಕ್ಕೇಯಾ?"

ಗಸಗಸೆ ಹೋಯಿತು. ಕೊಬ್ಬರಿ ಬಟ್ಟಲುಗಳೂ ಹೋದವು. ಒಣಗಿದ ಕೊಬ್ಬರಿಯ ಎಣ್ಣೆಗೆ ಬೆಂಕಿ ಹತ್ತೀತೆಂದು ವಿಮಾನಕ್ಕೆ ಅದು ಆಗದಂತೆ. ತುಪ್ಪದ ಡಬ್ಬಿ ಕೈಚೀಲದಿಂದ ಸೂಟ್‌ಕೇಸಿಗೆ ಇಳಿಯಿತು. ಮಹದೇವಮ್ಮ ಒಂದೊಂದಕ್ಕೂ ಜಗಳ ತೆಗೆದು ಒಂದೊಂದನ್ನೂ ಬಿಟ್ಟುಕೊಟ್ಟಳು. ಮಗಳ ಮಾತಿನಲ್ಲಿ ಅವಳಿಗೆ ನಂಬಿಕೆಯಿತ್ತು. ತನ್ನ ಕಣಕದ ಹದದ ಬಗ್ಗೆ ತಾನು ಮಾತಾಡುವ ಹಾಗೆಯೇ ಈ ಹುಡುಗಿ ಮಾತಾಡುತ್ತಾಳೆ, ತಡವರಿಸುವುದಿಲ್ಲ.

"ಈಗ ತಪಾಸಣೆ," ಎಂದು ರಕ್ಷಿತಾ ಎದ್ದು, ಅಡುಗೆಮನೆ ಬಾಗಿಲಿನ ಮುಂದೆ ಸ್ಟೂಲು ಎಳೆದು, ಅದರ ಮೇಲೆ ಒಬ್ಬಟ್ಟು ಹರಡುವ ಅಗಲ ತಟ್ಟೆ ಇಟ್ಟಳು. "ಈ ಬಾಗಿಲು ಚೌಕಟ್ಟೇ ಮೆಷಿನ್ನು ಅನ್ಕೊ. ತಟ್ಟೆ ಟ್ರೇ. ಫೋನು ಇಲ್ಲಿಡು. ಕೈಚೀಲ ಇಡು. ಆಮೇಲೆ ಪರದೆ ಕಟ್ಟಿರೋ ಒಂದು ಗೂಡಿರುತ್ತೆ, ಅಲ್ಲಿ ಹೆಂಗಸೇ ನಿಂತಿರ್ತಾಳೆ, ಒಂದು ಕೋಲಿನ ಥರದ್ದನ್ನ ಮೈ ಮೇಲೆ ಆಡಿಸ್ತಾಳೆ. ಲೋಹ ಇದ್ರೆ ಕೂಗುತ್ತೆ. ತಾಳಿ, ಬಳೆಗೆಲ್ಲ ಏನೂ ಅನ್ನಲ್ಲ. ಆದ್ರೆ..." ಅವಳ ಕಣ್ಣು ಅಮ್ಮನ ಸೆರಗಿನ ಕಡೆ ಹೋಯಿತು. "ಕರಡಿಗೆ ತೆಗೆದು ಟ್ರೇಲಿ ಹಾಕು ಅಂತ ಅಂದ್ರೂ ಅನ್ನಬಹುದು. ಒಳಗೆ ಏನಿದೆ ಅಂತ ಅವರಿಗೆ ಗೊತ್ತಾಗಲ್ಲವಲ್ಲ. ಎರಡು ನಿಮಿಷ ಅಷ್ಟೇ. ಆ ಕಡೆ ಬಂದ್ಮೇಲೆ ಹಾಕ್ಕೊಳ್ಳೋದು."

ಮಹದೇವಮ್ಮನ ಬಲಗೈ ತಾನಾಗಿ ಎದೆಗೆ ಹೋಯಿತು. ಸೆರಗಿನ ಒಳಗೆ, ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿಯ ಕರಡಿಗೆ. ಅದರೊಳಗೆ ಇಷ್ಟಲಿಂಗ. ಅವಳಿನ್ನೂ ಲಂಗ ಉಡುವ ಹುಡುಗಿಯಾಗಿದ್ದಾಗ ಮಠದ ಅಯ್ನೋರು ದೀಕ್ಷೆ ಕೊಟ್ಟು ಕಟ್ಟಿದ್ದು. ಹೆರಿಗೆ ಕೋಣೆಯಲ್ಲಿ ನರ್ಸಮ್ಮನ ಜೊತೆ ಜಗಳವಾಡಿ ಉಳಿಸಿಕೊಂಡಿದ್ದು. ಅಂದಿನಿಂದ ಇಂದಿನವರೆಗೆ ಮೈಯಿಂದ ಬೇರೆಯಾಗಿರಲಿಲ್ಲ.

"ಎರಡ್ ನಿಮಿಷ ಅಂದ್ಯಾ?" ಎಂದಳು. ಧ್ವನಿ ಏರಲಿಲ್ಲ. ಅದಕ್ಕೇ ನೀಲಮ್ಮನಿಗೆ ಹೆದರಿಕೆಯಾದದ್ದು. "ಲಿಂಗ ಬಿಟ್ಟ ಮೈ ಹೆಣ ಕಣೇ. ಎರಡ್ ನಿಮಿಷ ಹೆಣ ಆಗಿದ್ದು ಆಮೇಲೆ ಎದ್ದು ಒಬ್ಬಟ್ಟು ತಟ್ಲಾ ನಾನು?"

"ಅಮ್ಮಾ, ಕರಡಿಗೆ ಬೇಡ, ಬಟ್ಟೇಲಿ ಕಟ್ಕೊ. ಎಷ್ಟೋ ಜನ ಹಾಗೇ ಕಟ್ಕೋತಾರೆ."

"ಬಟ್ಟೇಲಿ ಗಂಟು ಕಟ್ಕೊಂಡಿದ್ರೆ ಇನ್ನೂ ಅನುಮಾನ ಬರುತ್ತೆ. ಬಿಚ್ಚು ಅಂತಾರೆ, ಇಸ್ಕೊಂಡು ನೋಡ್ತಾರೆ. ಇನ್ನೊಬ್ರ ಕೈ ಬೀಳೋಕೆ ಬುಡ್ತೀನಾ ನಾನು?"

ರಕ್ಷಿತಾ ತಟ್ಟೆ ಎತ್ತಿಕೊಂಡು ಸ್ಟೂಲನ್ನು ಪಕ್ಕಕ್ಕೆ ಸರಿಸಿದಳು. ದೇವರ ಕೋಣೆಯ ಮೊಳೆಯಲ್ಲಿ ಅವಳದೇ ಕರಡಿಗೆ, ಕಾಲೇಜಿಗೆ ಹೋಗುವಾಗ ತೆಗೆದಿಟ್ಟದ್ದು, ಇನ್ನೂ ತೂಗುತ್ತಿತ್ತು. ಅಮ್ಮ ಆ ಕಡೆ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಬಹುದಿತ್ತು.

ಹೊರಡುವ ದಿನ ಬೆಳಿಗ್ಗೆ ರಕ್ಷಿತಾ ಮನೆಯಿಂದ ಹೊರಡುವ ಮುನ್ನ ಫೋನು ಮಾಡಿದಳು. ಮಹದೇವಮ್ಮ ಎತ್ತಲಿಲ್ಲ. ಮಣೆಯ ಮೇಲೆ ಕೂತಿದ್ದಳು. ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ಒಂದು ಬಿಲ್ವಪತ್ರೆ. ಕರಡಿಗೆ ಬಾಯಿ ತೆರೆದುಕೊಂಡು ಪಕ್ಕದಲ್ಲಿತ್ತು. ದಿನಾ ಈ ಹೊತ್ತಿನಲ್ಲಿ ಫೋನು ಪೂರ್ತಿ ಹೊಡೆದುಕೊಂಡು ತಾನಾಗಿ ನಿಲ್ಲುತ್ತಿತ್ತು. ಎತ್ತದಿದ್ದರೆ ಪೂಜೆಯಲ್ಲಿದ್ದಾಳೆ ಎಂದರ್ಥ. ಮಗಳು ಮತ್ತೆ ಮಾಡುತ್ತಿರಲಿಲ್ಲ. ಇಷ್ಟು ವರ್ಷ ಅವರಿಬ್ಬರ ನಡುವೆ ದಿನದ ಮೊದಲ ಮಾತು ಆ ಎತ್ತದ ಫೋನೇ ಆಗಿತ್ತು.

ಏರ್‌ಪೋರ್ಟ್ ಬಸ್ಸಿನಲ್ಲಿ ರಕ್ಷಿತಾಳೂ ಜೊತೆಗೆ ಬಂದಳು. ಮಂಡ್ಯ ದಾಟುವ ತನಕ ಮಹದೇವಮ್ಮ ಕಿಟಕಿಯ ಆಚೆ ಕಬ್ಬಿನ ಗದ್ದೆ ನೋಡುತ್ತ ಕೂತಿದ್ದು ಆಮೇಲೆ ಹೇಳಿದಳು, "ನೋಡು, ನಾನು ಒಳಗೆ ಹೋಗ್ತೀನಿ. ಷಡಕ್ಷರಿಗೆ ಮಾತು ಕೊಟ್ಟಿದ್ದೀನಿ, ಬಾಗ್ಲು ತನಕ ಹೋಗ್ದೆ ಹಿಂದಕ್ಕೆ ಬರೋಳಲ್ಲ. ಅವರು ತೆಗಿ ಅಂದ್ರೆ ತೆಗಿಯಲ್ಲ, ಅಲ್ಲಿಂದ್ಲೇ ನಿಂಗೆ ಫೋನ್ ಮಾಡಿ ವಾಪಸ್ ಬರ್ತೀನಿ. ನೀನು ಆಚೇನೇ ನಿಂತಿರು."

"ಎಷ್ಟೊತ್ತು ನಿಂತಿರ್ಲಿ?"

"ನಾನು ಒಳಗಾದೆ ಅಂತ ನಿಂಗೆ ಗೊತ್ತಾಗೋ ತನಕ."

"ನಾನೊಬ್ಳೇ ಹೋಗ್ಬೇಕಾದ್ರೆ ಕೈಕಾಲು ಬಿದ್ದೋಗುತ್ತೆ ಅಕ್ಕ," ಎಂದಳು ನೀಲಮ್ಮ ಹಿಂದಿನ ಸೀಟಿನಿಂದ. "ನೀನು ವಾಪಸ್ ಅಂದ್ರೆ ನಾನೂ ವಾಪಸ್."

ವಿಮಾನ ನಿಲ್ದಾಣದ ಬಾಗಿಲಲ್ಲಿ ರಕ್ಷಿತಾ ಗಾಜಿನ ಆಚೆ ನಿಂತಳು. ಟಿಕೆಟ್ಟಿಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಅವಳು ಹೇಳಿಕೊಟ್ಟಂತೆಯೇ ಎಲ್ಲ ನಡೆಯಿತು. ಬಾಗಿಲಲ್ಲಿ ಪಾಸ್‌ಪೋರ್ಟು, ಟಿಕೆಟ್ಟು. ಕೌಂಟರಿನಲ್ಲಿ ಸೂಟ್‌ಕೇಸು ಪಟ್ಟಿಯ ಮೇಲೆ ಮಲಗಿ, ಲಟ್ಟಣಿಗೆಯನ್ನೂ ತುಪ್ಪವನ್ನೂ ಹೊತ್ತುಕೊಂಡು ಮೊದಲೇ ಹೊರಟುಹೋಯಿತು. ಮುದ್ರೆ ಒತ್ತುವ ಗೂಡಿನಲ್ಲಿದ್ದ ಹುಡುಗ "ಅಲ್ಲಿ ಏನು ಕೆಲಸ ಅಮ್ಮ?" ಎಂದು ಕೇಳಿದಾಗ ಮಹದೇವಮ್ಮ, "ಮದ್ವೆಗಪ್ಪ. ಒಬ್ಬಟ್ಟು ನಂದು. ನಿಮ್ ಮನೇಲೂ ಏನಾದ್ರೂ ಇದ್ರೆ ಮಂಡಿ ಮೊಹಲ್ಲಾದಲ್ಲಿ ಯಾರ್ನಾದ್ರೂ ಕೇಳು," ಎಂದಳು. ಅವನು ನಗುತ್ತಲೇ ಮುದ್ರೆ ಹೊಡೆದ.

ಆಮೇಲೆ ಉದ್ದನೆಯ ಸಾಲು. ಬೂದು ಬಣ್ಣದ ಟ್ರೇಗಳು ಒಂದರ ಹಿಂದೆ ಒಂದು ಜಾರಿ ಬರುತ್ತಿದ್ದವು. ಜನ ಬೆಲ್ಟು ಬಿಚ್ಚಿ ಹಾಕುತ್ತಿದ್ದರು, ಚಪ್ಪಲಿ ಕಳಚಿಡುತ್ತಿದ್ದರು. ಮಹದೇವಮ್ಮ ಕೈಚೀಲ ಇಟ್ಟಳು, ಫೋನು ಇಟ್ಟಳು. ಚೌಕಟ್ಟು ದಾಟಿ ಪರದೆಯ ಗೂಡಿಗೆ ಹೋಗಿ ಪುಟ್ಟ ಹಲಗೆಯ ಮೇಲೆ ಹತ್ತಿ ಕೈ ಅಗಲಿಸಿ ನಿಂತಳು. ಖಾಕಿ ತೊಟ್ಟ ಹುಡುಗಿಗೆ ರಕ್ಷಿತಾಳದೇ ವಯಸ್ಸು. ಉತ್ತರದ ಕಡೆಯವಳು. ಕೋಲು ಭುಜದ ಮೇಲೆ ಆಡಿತು, ಬಳೆಗಳ ಹತ್ತಿರ ಕುಂಯ್ ಎಂದು ಸುಮ್ಮನಾಯಿತು, ಎದೆಯ ಹತ್ತಿರ ಬಂದು ಕೂಗತೊಡಗಿತು.

"ಯೇ ಕ್ಯಾ ಹೈ, ಅಮ್ಮಾ?"

ಮಹದೇವಮ್ಮನಿಗೆ ಹಿಂದಿ ಬರುತ್ತಿರಲಿಲ್ಲ. ಆದರೆ ಅವಳ ಓಣಿಯಲ್ಲಿ ಅರ್ಧ ಅಂಗಡಿಗಳು ಸಾಬರದು. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಮಾತಿತ್ತು. "ದೇವ್ರು. ಹಮಾರಾ ದೇವ್ರು."

"ಟ್ರೇ ಮೇ ರಖಿಯೇ." ಹುಡುಗಿ ಒರಟಾಗಿ ಹೇಳಲಿಲ್ಲ. ದಿನಕ್ಕೆ ಸಾವಿರ ಸಲ ಹೇಳುವ ಮಾತನ್ನು ಸಾವಿರದೊಂದನೇ ಸಲ ಹೇಳಿದಳು, ಅಷ್ಟೇ.

ಪರದೆಯ ಸಂದಿಯಲ್ಲಿ ನೀಲಮ್ಮನ ಮುಖ ಕಂಡಿತು. "ಅಂದ್ಬುಟ್ಳಾ? ಅಕ್ಕಾ, ಹೋಗಾಣ ನಡಿ. ರಕ್ಷಿ ನಿಂತವ್ಳೆ ಆಚೆ."

ಮಹದೇವಮ್ಮ ಕೂಗುತ್ತಿದ್ದ ಕೋಲನ್ನು ನೋಡಿದಳು. ಅದು ಕರಡಿಗೆಯ ಬೆಳ್ಳಿಗೆ ಕೂಗುತ್ತಿತ್ತು. ಬೆಳ್ಳಿಗೆ. ಹಿಟ್ಟು ಹದಕ್ಕೆ ಬಂದದ್ದು ಬೆರಳಿಗೆ ತಿಳಿಯುವ ಹಾಗೆ, ಅವಳ ಎಡಗೈಗೆ ಅವಳಿಗಿಂತ ಮೊದಲೇ ತಿಳಿಯಿತು; ಅದು ತಾನಾಗಿ ಮುಂದೆ ಬಂದು ಅಂಗೈ ಅಗಲ ಮಾಡಿ ನಿಂತಿತು. ಇಷ್ಟು ವರ್ಷ ಪ್ರತಿ ಬೆಳಿಗ್ಗೆ ಕರಡಿಗೆ ಬಿಟ್ಟು ಲಿಂಗ ಎಲ್ಲಿಗೆ ಹೋಗುತ್ತಿತ್ತು?

"ಒಂದ್ ನಿಮ್ಷ ತಡಿಯವ್ವ," ಎಂದಳು ಹುಡುಗಿಗೆ, ಕನ್ನಡದಲ್ಲೇ.

ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡಳು. ಮುಚ್ಚಳ ತೆಗೆದು, ಲಿಂಗವನ್ನು ಎಡ ಅಂಗೈಗೆ ತಂದುಕೊಂಡಳು. ಶಿವದಾರವನ್ನು ಒಂದೇ ಕೈಯಲ್ಲಿ ತಲೆಯ ಮೇಲಿಂದ ದಾಟಿಸಿ, ಕರಡಿಗೆಯನ್ನು ಮುಂದೆ ಚಾಚಿದಳು.

"ಯೇ ಲೇವ್. ಟ್ರೇ. ಇಸ್ಕು..." ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿದಳು. "ಇಸ್ಕು ಹಾತ್ ನಕ್ಕೋ ಲಗಾವ್. ದೇಖೋ. ಖಾಲಿ ದೇಖೋ." ಮುಟ್ಟಬೇಡ, ಬರೀ ನೋಡು ಎಂದು.

ಹುಡುಗಿ ಬಗ್ಗಿ ನೋಡಿದಳು. ಕಪ್ಪಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದ ಲಿಂಗದಲ್ಲಿ ಮೇಲಿನ ದೀಪದ ಒಂದು ಚುಕ್ಕೆ ಕಾಣುತ್ತಿತ್ತು. ಕೋಲನ್ನು ಅಂಗೈಯ ಮೇಲೆ ಗೇಣು ಎತ್ತರದಲ್ಲಿ ಆಡಿಸಿದಳು. ಸದ್ದಿಲ್ಲ. ಎದೆಯ ಹತ್ತಿರ ತಂದಳು. ಸದ್ದಿಲ್ಲ.

"ಶಿವ್‌ಜೀ?" ಎಂದಳು ಮೆಲ್ಲಗೆ.

"ಮತ್ತಿನ್ಯಾರು?"

ಹುಡುಗಿ ಕರಡಿಗೆಯನ್ನು ಇಸಿದುಕೊಂಡಳು. ಮಹದೇವಮ್ಮನ ಎರಡು ಕೈಗಳೂ ಈಗ ಲಿಂಗಕ್ಕೇ ಮೀಸಲಾಗಿದ್ದರಿಂದ ಪರದೆಯನ್ನು ಅವಳೇ ಸರಿಸಿ ದಾರಿ ಬಿಟ್ಟಳು.

ಮಹದೇವಮ್ಮ ಎಡ ಅಂಗೈಯ ಮೇಲೆ ಬಲಗೈ ಮರೆ ಮಾಡಿಕೊಂಡು, ದೀಪ ಹಿಡಿದು ಹೋಗುವವಳಂತೆ ಹೆಜ್ಜೆಯಿಡುತ್ತ ಪಟ್ಟಿಯ ಆ ತುದಿಗೆ ಬಂದಳು. ಜನ ಸರಿದು ಜಾಗ ಕೊಟ್ಟರು. ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ಹಿಂದಿನಿಂದ ನೀಲಮ್ಮ ಓಡಿ ಬಂದಳು.

ರಬ್ಬರಿನ ಪರದೆ ಎತ್ತಿಕೊಂಡು ಒಂದೊಂದೇ ಟ್ರೇ ಹೊರಗೆ ಬಂತು. ಯಾರದೋ ಬೂಟು. ಯಾರದೋ ಲ್ಯಾಪ್‌ಟಾಪು. ಅವಳ ಕೈಚೀಲ, ಅದರ ಪಕ್ಕ ಫೋನು. ಟ್ರೇ ನಿಲ್ಲುವ ಮೊದಲೇ ಫೋನು ಹೊಡೆದುಕೊಳ್ಳತೊಡಗಿತು. ಅದರ ಗಾಜಿನ ಮೇಲೆ ‘ರಕ್ಷಿ’ ಎಂದು ಬೆಳಗುತ್ತಿತ್ತು.

"ಎತ್ಲಾ ಅಕ್ಕ? ಏನ್ ಹೇಳ್ಲಿ?" ನೀಲಮ್ಮ ಕೈ ಚಾಚಿದಳು.

"ಬೇಡ ಬುಡು," ಎಂದಳು ಮಹದೇವಮ್ಮ.

ಫೋನು ಪೂರ್ತಿ ಹೊಡೆದುಕೊಂಡು ತಾನಾಗಿ ನಿಂತಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಮತ್ತೆ ಹೊಡೆಯಲಿಲ್ಲ.

ಅದರ ಹಿಂದಿನ ಟ್ರೇ ಜಾರಿ ಬಂತು. ಅಷ್ಟಗಲದ ಟ್ರೇಯಲ್ಲಿ ಬೇರೇನೂ ಇರಲಿಲ್ಲ. ಬೆಳ್ಳಿಯ ಕರಡಿಗೆ ಒಂದೇ, ಬಾಯಿ ತೆರೆದುಕೊಂಡು, ದಾರವನ್ನು ಯಾರೋ ಅದರ ಸುತ್ತ ಸರಿಯಾಗಿ ಸುತ್ತಿಟ್ಟಿದ್ದರು.