ನಾಲ್ಕನೇ ಗುಂಡಿ

ಬಟ್ಟೆ ಕಾರ್ಖಾನೆಯ ಊಟದ ಹಾಲ್‌ನಲ್ಲಿ ಸಿನಿಮಾ ತೋರಿಸುತ್ತಾರೆ ಎಂದಾಗ ಹೆಂಗಸರೆಲ್ಲ ಖುಷಿಪಟ್ಟದ್ದು ಸಿನಿಮಾಕ್ಕಾಗಿ ಅಲ್ಲ, ಮುಕ್ಕಾಲು ಗಂಟೆ ಕೂತು ತೂಕಡಿಸಬಹುದಲ್ಲ ಎಂದು. ಕಿಟಕಿಗಳಿಗೆ ಬಣ್ಣ ಕೆಟ್ಟ ಬಟ್ಟೆಯ ಥಾನು ಇಳಿಬಿಟ್ಟು ಕತ್ತಲೆ ಮಾಡಿದ್ದರು. ಸಿನಿಮಾ ತಂದ ತರಬೇತಿ ಮೇಡಂ, "ಇವು ತಿಳಿವಳಿಕೆ ಕೊಡೋ ಚಿತ್ರಗಳು, ದಯವಿಟ್ಟು ಯಾರೂ ಗೊರಕೆ ಹೊಡೀಬೇಡಿ" ಎಂದು ಮೊದಲೇ ಕೇಳಿಕೊಂಡರು. ಪಾಪ, ಬೇರೆ ಕಡೆ ಅನುಭವವಾಗಿತ್ತೇನೋ.

ಮೊದಲ ಚಿತ್ರದಲ್ಲಿ ಗಂಡ ಪಾತ್ರೆ ತೊಳೆದ, ಹೆಂಡತಿ ಕಾಲು ಚಾಚಿ ಪೇಪರ್ ಓದಿದಳು. "ಇಂಥ ಗಂಡ ಯಾವ ಅಂಗಡೀಲಿ ಸಿಗ್ತಾನೆ ಮೇಡಂ?" ಎಂದು ಹಿಂದಿನಿಂದ ಯಾರೋ ಕೂಗಿದರು, ಹಾಲ್ ಘೊಳ್ಳೆಂದಿತು. ಎರಡನೆಯದು ಸಮಾನ ಕೆಲಸಕ್ಕೆ ಸಮಾನ ಸಂಬಳದ್ದು. ಆ ಮಾತು ಬಂದಾಗ ಸೂಪರ್‌ವೈಸರ್‌ಗೆ ಯಾಕೋ ಕೆಮ್ಮು ಹತ್ತಿತು. ಮೂರನೆಯದು ಶುರುವಾಗುವ ಹೊತ್ತಿಗೆ ಗುಂಡಿಯಕ್ಕ ನಿದ್ದೆಗೆ ಜಾರಿದ್ದಳು.

ಗುಂಡಿಯಕ್ಕ ಎನ್ನುವುದು ಕಾರ್ಖಾನೆ ಇಟ್ಟ ಹೆಸರು. ಹದಿನೆಂಟು ವರ್ಷದಿಂದ ಅವಳು ಗುಂಡಿ ಹೊಲಿಯುವ ಮೆಷಿನ್ ಮುಂದೆ ಕೂತವಳು. ಮೆಷಿನ್ ಎರಡು ಗೆರೆ ಎಳೆದ ಹಾಗೆ ಹೊಲಿಯುತ್ತದೆ. ಮನೆಯಲ್ಲಿ ಕೈಯಿಂದ ಹೊಲಿಯುವಾಗ ಮಾತ್ರ ಅವಳು ಒಂದು ತೂತಿನಿಂದ ಉಳಿದ ಮೂರಕ್ಕೂ ದಾರ ಹಾಯಿಸಿ ಕೋಳಿಕಾಲಿನ ಹಾಗೆ ಹಾಕುತ್ತಿದ್ದಳು. ಅಂಗಿ ಹರಿದರೂ ಗುಂಡಿ ಬೀಳದು ಎಂದು ಕಾರ್ಖಾನೆಯಲ್ಲೂ ಅದನ್ನು ತೋರಿಸಿ ಜಂಬ ಕೊಚ್ಚುತ್ತಿದ್ದಳು.

ಪಕ್ಕದಲ್ಲಿ ಕೂತವಳು ಮೊಣಕೈಯಿಂದ ತಿವಿದಳು. ಗುಂಡಿಯಕ್ಕ ಕಣ್ಣು ಬಿಟ್ಟಳು.

ಪರದೆಯ ಮೇಲೆ ಯಾರೋ ಕುರ್ಚಿಯಲ್ಲಿ ಕೂತಿದ್ದರು. ಗುರುತು ಸಿಗಬಾರದೆಂದು ಮುಖವನ್ನು ಮಸುಕು ಮಾಡಿದ್ದರು, ದನಿಯನ್ನೂ ಬದಲಿಸಿದ್ದರು. ಡಬ್ಬದೊಳಗಿಂದ ಬಂದ ಹಾಗೆ ಅದು ಮಾತಾಡುತ್ತಿತ್ತು. ಮೈಮೇಲೆ ನೀಲಿ ಗೀಟಿನ ದೊಗಲೆ ಅಂಗಿ. ನಾಲ್ಕನೇ ಗುಂಡಿ ಮಾತ್ರ ಬೇರೆ, ಕೋಟಿನಿಂದ ಕಿತ್ತ ದಪ್ಪ ಕಂದು ಗುಂಡಿ, ಅದಕ್ಕೆ ಕೆಂಪು ದಾರ, ಕೋಳಿಕಾಲು.

 ಅದು ಗುಂಡಿಯಕ್ಕನದೇ ಹಳೆಯ ಕೋಟಿನ ಗುಂಡಿ. ಬಿಳಿ ದಾರ ಮುಗಿದಿದ್ದ ದಿನ, ಸೂಜಿಯಲ್ಲಿದ್ದ ಕೆಂಪು ದಾರದಲ್ಲೇ ಅವಳು ಗಂಡನ ಅಂಗಿಗೆ ಹೊಲಿದದ್ದು. ಆ ಗುಂಡಿಯನ್ನು ಎರಡು ಬೆರಳು ತಿರುಚುತ್ತಿದ್ದವು. ಬೆರಳನ್ನು ಅವಳು ಆಮೇಲೆ ನೋಡಿದಳು. ಹೆತ್ತ ಮಗುವಿನ ಕೈಗಿಂತ ಮೊದಲು ತನ್ನ ಹೊಲಿಗೆಯ ಗುರುತು ಸಿಕ್ಕಿತಲ್ಲ ಎಂಬುದು ಅವಳನ್ನು ಮುಂದೆ ಬಹಳ ದಿನ ಕುಟುಕಿತು.

"ಚಿಕ್ಕಂದಿನಿಂದ ಎಲ್ಲರೂ ನನ್ನ ಹುಡುಗಿ ಅಂದ್ರು," ಎಂದಿತು ಡಬ್ಬದ ದನಿ. "ನಾನು ಹುಡುಗ. ಒಳಗಿಂದ ಯಾವಾಗಲೂ ಹುಡುಗನೇ. ಈ ಅಂಗಿ ಅಪ್ಪಂದು. ಅವರಿಗೆ ಗೊತ್ತಿಲ್ದೆ ಹಾಕ್ಕೊಂಡು ಬಂದೆ. ಇದನ್ನ ಹಾಕ್ಕೊಂಡಾಗ ನಾನು ನಾನೇ ಅನ್ಸುತ್ತೆ." ಬೆರಳು ಗುಂಡಿಯನ್ನು ಇನ್ನೊಂದು ಸುತ್ತು ತಿರುಚಿತು. "ಅಮ್ಮಂಗೆ ಹೇಳ್ಬೇಕು ಅಂತ ಎಷ್ಟೋ ಸಲ ಅಡುಗೆಮನೆ ಬಾಗಿಲ ತನಕ ಹೋಗಿದೀನಿ. ಬಾಯಿ ಬರಲ್ಲ, ವಾಪಸ್ ಬರ್ತೀನಿ. ಅಪ್ಪಂಗೆ ಗೊತ್ತಾದ್ರೆ ನನ್ನ ಉಳ್ಸಲ್ಲ."

ಆ ಕೊನೆಯ ಮಾತು ಉತ್ಪ್ರೇಕ್ಷೆಯಲ್ಲ ಎಂದು ಆ ಹಾಲ್‌ನಲ್ಲಿ ಗೊತ್ತಿದ್ದದ್ದು ಗುಂಡಿಯಕ್ಕನಿಗೆ ಮಾತ್ರ. ಮನೆಯಲ್ಲಿ ಮಗಳನ್ನು ಹುಟ್ಟಿದಾಗಿನಿಂದ ಮರಿ ಎಂದೇ ಕರೆಯುವುದು. ಮರಿ ಬಂತು, ಮರಿ ಉಂಡಿತು ಎಂದೇ ಮಾತು. ಎರಡು ವರ್ಷದ ಹಿಂದೆ ಮರಿ ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡು ಬಂದಿತ್ತು. ಅಪ್ಪ ಕೂಗಾಡಲಿಲ್ಲ. "ಕೂದ್ಲು ಬೇಡ ಅಲ್ವಾ? ಪೂರ್ತಿ ಬೇಡ ಬಿಡು," ಎಂದು ಕುರ್ಚಿಗೆ ಒತ್ತಿ ಕೂರಿಸಿ ತಲೆ ಬೋಳಿಸಿದ. ಎಂಟು ದಿನ ಕೋಣೆಗೆ ಬೀಗ. ಗುಂಡಿಯಕ್ಕ ತಟ್ಟೆ ಹಿಡಿದು ಬಾಗಿಲ ಹೊರಗೆ ನಿಂತಿದ್ದಳು, ಬೀಗ ತೆಗೆ ಎನ್ನಲು ಅವಳಿಗೂ ಬಾಯಿ ಬಂದಿರಲಿಲ್ಲ. ಕೂದಲಿಗೇ ಅಷ್ಟಾದರೆ ಇದಕ್ಕೆ ಎಷ್ಟು?

ದೀಪ ಹತ್ತಿತು. ಮೇಡಂ ವೈರು ಸುತ್ತುತ್ತಾ ಸೂಪರ್‌ವೈಸರ್ ಹತ್ತಿರ, "ಊಟ ಮುಗಿಸಿ ಹೊರಡ್ತೀವಿ. ಮೂರು ಗಂಟೆಗೆ ಬಸ್ ಡಿಪೋದಲ್ಲಿ ಇವೇ ಚಿತ್ರ," ಎಂದರು.

 ಗುಂಡಿಯಕ್ಕನ ಗಂಡ ಡಿಪೋದ ಹೆಡ್ ಮೆಕ್ಯಾನಿಕ್. ಅಲ್ಲಿ ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಾರೆ. ಗೇಟಿನಾಚೆ ಬರುವ ಬಸ್ಸಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎನ್ನುವವನು, ಕೂದಲೆಳೆಯಷ್ಟು ಬಿರುಕನ್ನು ಬರಿಗಣ್ಣಿಂದ ಹಿಡಿಯುವವನು. ಇದೂ ಸಾಲದೆಂದು, ಇವತ್ತು ದೊಡ್ಡ ಸಾಹೇಬರು ಬರುತ್ತಾರೆ, ಗ್ರೀಸ್ ಬಟ್ಟೆಯಲ್ಲಿ ಬರಬೇಡಿ ಎಂದಿದ್ದರಂತೆ. ಅದಕ್ಕೆ ಅವನು ಕಲೆಯಿಲ್ಲದ ಒಂದೇ ಒಂದು ಅಂಗಿ ಹಾಕಿಕೊಂಡು ಹೋಗಿದ್ದ. ನೀಲಿ ಗೀಟಿನದು. ಬೆಳಿಗ್ಗೆ ಇಸ್ತ್ರಿ ಮಾಡಿ ಕೊಟ್ಟವಳೂ ಅವಳೇ.

"ಆ ಗುಂಡಿ ನಿನ್ನ ಕೈಯಿಂದು," ಎಂದಳು ತಿವಿದವಳು.

ಅವಳು ಚೆಕಿಂಗ್ ಟೇಬಲ್ಲಿನವಳು, ಅಡ್ಡಹೆಸರು ಭೂತಕನ್ನಡಿ. ನೂರು ಅಂಗಿಯ ರಾಶಿಯಲ್ಲಿ ಒಂದು ತಪ್ಪಿದ ಹೊಲಿಗೆ ಅವಳ ಕಣ್ಣಿಗೆ ಬೀಳುತ್ತಿತ್ತು. ಕಣ್ಣಿಗೆ ಬಿದ್ದದ್ದು ಬಾಯಿಗೆ ಬರಲು ಹೆಚ್ಚು ಹೊತ್ತು ಹಿಡಿಯುತ್ತಿರಲಿಲ್ಲ. ಗುಂಡಿಯಕ್ಕ ಅವಳ ಮುಖ ನೋಡಿದಳು.

"ನನ್ನ ಮುಖ ಏನ್ ನೋಡ್ತೀಯಾ?" ಎಂದು ಭೂತಕನ್ನಡಿ ದನಿ ತಗ್ಗಿಸಿದಳು. "ನಾನು ಚೆಕ್ ಮಾಡಿ ಪಾಸ್ ಅಂತ ಸೀಲ್ ಹೊಡ್ದಾಯ್ತು. ನಿನ್ನ ಗಂಡ ಡಿಪೋದಲ್ಲಿ ತಾನೇ ಇರೋದು? ಎದ್ದೇಳು. ಹೊಟ್ಟೆನೋವು ಅಂತ ಗೇಟ್ ಪಾಸ್ ಬರೆಸ್ಕೋ. ನಿನ್ನ ಬಂಡಲ್ ನಾನು ನೋಡ್ಕೋತೀನಿ."

ಸೂಪರ್‌ವೈಸರ್ ಊಟ ಮಾಡಿ, ಕೈ ತೊಳೆದು, ಹಲ್ಲುಕಡ್ಡಿ ಹುಡುಕಿ, ಪಾಸಿಗೆ ಸಹಿ ಹಾಕುವಷ್ಟರಲ್ಲಿ ಎರಡೂಮುಕ್ಕಾಲು. ಗುಂಡಿಯಕ್ಕ ಓಡಿದಳು. ನಲವತ್ತೈದರ ಮೇಲೆ, ಮಂಡಿನೋವು ಇಟ್ಟುಕೊಂಡು, ರಸ್ತೆಯಲ್ಲಿ ಓಡುವ ಹೆಂಗಸನ್ನು ಜನ ಹೇಗೆ ನೋಡುತ್ತಾರೋ ಹಾಗೆಯೇ ನೋಡಿದರು. ಹೋಗಿ ಏನು ಮಾಡುತ್ತೇನೆ ಎಂದು ಅವಳಿಗೇ ತಿಳಿದಿರಲಿಲ್ಲ. ಸಿನಿಮಾ ನಿಲ್ಲಿಸಿ ಎನ್ನಬೇಕೆ? ಯಾಕೆ ಎಂದು ಕೇಳಿದರೆ? ಗಂಡನನ್ನು ಹೊರಗೆ ಕರೆಯಬೇಕೆ? ಕರೆದು ಏನೆನ್ನಬೇಕು? ಅಂಗಿ ಬಿಚ್ಚಿಕೊಡಿ ಎಂದೇ?

ಡಿಪೋದಲ್ಲಿ ಟೈರ್ ಇಡುವ ಕೋಣೆಯನ್ನು ಖಾಲಿ ಮಾಡಿ ಪರದೆ ಕಟ್ಟಿದ್ದರು. ಅವಳು ಹಿಂದಿನ ಕಿಟಕಿಯ ಜಾಲರಿಗೆ ಮುಖ ಒತ್ತಿದಾಗ ಮೂರನೇ ಚಿತ್ರ ಶುರುವಾಗಿತ್ತು. ಎರಡನೇ ಸಾಲಿನಲ್ಲಿ, ತುದಿಯ ಕುರ್ಚಿಯಲ್ಲಿ ಗಂಡ ಅಡ್ಡಡ್ಡ ಕೂತಿದ್ದ. ಪರದೆಯ ಬೆಳಕು ಅವನ ಹೊಟ್ಟೆಯ ಮೇಲೆ ಬೀಳುತ್ತಿತ್ತು. ಪರದೆಯ ಮೇಲೆ ನೀಲಿ ಗೀಟು, ಕಂದು ಗುಂಡಿ. ಕುರ್ಚಿಯಲ್ಲಿ ನೀಲಿ ಗೀಟು, ಕಂದು ಗುಂಡಿ. ಮೇಲೆ ಮರಿಯ ಬೆರಳು ಗುಂಡಿ ತಿರುಚುತ್ತಿತ್ತು. ಕೆಳಗೆ ಅಪ್ಪನ ಬೆರಳೂ, ಯೋಚನೆ ಮಾಡುವಾಗಿನ ಅದೇ ಚಾಳಿಯಲ್ಲಿ, ಅದೇ ಗುಂಡಿ ತಿರುಚುತ್ತಿತ್ತು. ಮಗುವಿಗೆ ಆ ಚಾಳಿ ಎಲ್ಲಿಂದ ಬಂತೆಂದು ಇಷ್ಟು ವರ್ಷ ತನಗೇ ಹೊಳೆದಿರಲಿಲ್ಲವಲ್ಲ ಎಂದುಕೊಂಡಳು, ಅಂಥ ಹೊತ್ತಿನಲ್ಲೂ.

"ಈ ಅಂಗಿ ಅಪ್ಪಂದು," ಎಂದಿತು ಡಬ್ಬದ ದನಿ.

ಪಕ್ಕದ ಕುರ್ಚಿಯವನು ಪರದೆ ನೋಡಿದ, ಮೇಸ್ತ್ರಿಯ ಹೊಟ್ಟೆ ನೋಡಿದ, ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದ. ಮೇಸ್ತ್ರಿ ತಲೆ ತಗ್ಗಿಸಿ ತನ್ನ ಅಂಗಿ ನೋಡಿಕೊಂಡ.

ಗುಂಡಿಯಕ್ಕ ಮುಂದಿನದನ್ನು ನೋಡಲು ನಿಲ್ಲಲಿಲ್ಲ. ಮುಗಿಯಿತು, ಎಲ್ಲ ಮುಗಿಯಿತು, ಅವನಿಗಿಂತ ಮೊದಲು ಮನೆ ಸೇರಬೇಕು. ದಾರಿಯುದ್ದಕ್ಕೂ ಮರಿಗೆ ಫೋನ್ ಮಾಡಿದಳು. ಎರಡು ಸಲ ಬೇರೆ ಯಾರಿಗೋ ಹೋಯಿತು. ಸರಿಯಾಗಿ ಹೋದಾಗ ಅದು ಬರೀ ಹೊಡೆದುಕೊಂಡಿತು.

ಮರಿ ಮನೆಯಲ್ಲೇ ಇತ್ತು. ಝೆರಾಕ್ಸ್ ಅಂಗಡಿಯ ಬೆಳಗಿನ ಪಾಳಿ ಮುಗಿಸಿ ಬಂದು, ಮೇಜಿನ ಮೇಲೆ ಬಿಚ್ಚಿಟ್ಟ ಫ್ಯಾನನ್ನು ರಿಪೇರಿ ಮಾಡುತ್ತಾ ಕೂತಿತ್ತು. "ಏನಮ್ಮಾ, ಇಷ್ಟು ಬೇಗ? ಯಾಕೆ ಹಿಂಗೆ ಬೆವರಿದೀಯಾ?"

ಅವಳು ನೇರ ಅಡುಗೆಮನೆಗೆ ಹೋಗಿ ಹಿಂಬಾಗಿಲ ಚಿಲಕ ತೆಗೆದಳು. ಮುಂಬಾಗಿಲಲ್ಲಿದ್ದ ಮರಿಯ ಚಪ್ಪಲಿ ತಂದು ಅಲ್ಲಿ ಜೋಡಿಸಿದಳು. ಈ ಸಲ ತಟ್ಟೆ ಹಿಡಿದು ಬಾಗಿಲ ಹೊರಗೆ ನಿಲ್ಲುವುದಿಲ್ಲ, ನಡುವೆ ನಿಲ್ಲುತ್ತೇನೆ, ಆಗುವುದು ಆಗಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಮರಿ ಸ್ಕ್ರೂಡ್ರೈವರ್ ಹಿಡಿದು ಇದನ್ನೆಲ್ಲ ನೋಡುತ್ತಿತ್ತು. "ಅಮ್ಮಾ, ಏನಾಯ್ತು?" ಎಂದು ಮತ್ತೆ ಕೇಳುವಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದಾಯಿತು.

ಮೇಸ್ತ್ರಿ ಒಳಗೆ ಬಂದ. ಮುಖ ಗಂಟಿಕ್ಕಿತ್ತು. ಬಾಗಿಲು ಹಾಕಿದ. ಕೈ ತೊಳೆದ, ಒರೆಸಿಕೊಂಡ, ಮರಿಯ ಎದುರು ಕುರ್ಚಿ ಎಳೆದು ಕೂತ. ಗುಂಡಿಯಕ್ಕ ಕೈಗೆ ಸಿಕ್ಕ ಟೀ ಪಾತ್ರೆ ಹಿಡಿದು ಬಂದು ಇಬ್ಬರ ನಡುವೆ ನಿಂತಳು.

"ಇವತ್ತು ಒಂದು ಸಿನಿಮಾ ತೋರಿಸಿದ್ರು," ಎಂದ.

ಮರಿಯ ಕೈಯಿಂದ ಒಂದು ಸ್ಕ್ರೂ ಜಾರಿ ನೆಲದ ಮೇಲೆ ಉರುಳಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅದರ ಬೆರಳು ಗುಂಡಿ ಇರಬೇಕಾದ ಜಾಗಕ್ಕೆ ಹೋಯಿತು. ಮೈಮೇಲೆ ಇದ್ದದ್ದು ಗುಂಡಿಯಿಲ್ಲದ ಬನಿಯನ್.

"ಯಾವುದೋ ಮನೆ ಹುಡುಗಿ," ಎಂದ ಅಪ್ಪ. "ನಾನು ಹುಡುಗ ಅಂತಾಳೆ. ಅಪ್ಪನ ಅಂಗಿ ಕದ್ದು ಹಾಕ್ಕೊಂಡು ಬಂದಿದೀನಿ ಅಂತಾಳೆ! ನಮ್ಮ ಎಲೆಕ್ಟ್ರಿಷಿಯನ್ ಇದಾನಲ್ಲ, ಪಕ್ಕದಲ್ಲಿ ಕೂತು ನನಗೇ ತಮಾಷೆ ಮಾಡ್ತಾನೆ, ಮೇಸ್ತ್ರಿ ನಿಮ್ಮಂಥದ್ದೇ ಅಂಗಿ ಅಂತ. ನೀಲಿ ಗೀಟಿನ ಅಂಗಿ ಲೋಕದಲ್ಲಿ ನನ್ನೊಬ್ಬನ ಹತ್ರಾನೇ ಇರೋದಾ ಅಂತ ಬೈದೆ." ಅವನು ಕುರ್ಚಿಗೆ ಒರಗಿ ಗುಂಡಿ ತಿರುಚತೊಡಗಿದ. "ಅಲ್ಲ, ಆ ಅಪ್ಪ ಎಂಥ ಕುರುಡ ಇರ್ಬೇಕು! ತನ್ನ ಅಂಗಿ ಹೋಗಿ ಬಂದಿದ್ದು ಗೊತ್ತಾಗಲ್ವಾ? ನನ್ನ ಮನೇಲಿ ಆಗಿದ್ರೆ ಒಂದೇ ನಿಮಿಷ. ಒಂದೇ ನಿಮಿಷದಲ್ಲಿ ಹಿಡ್ದು, ಅಲ್ಲೇ ಹೂತುಬಿಡ್ತಿದ್ದೆ."

ತಿರುಚಿ ತಿರುಚಿ ಸವೆದಿದ್ದ ಕೆಂಪು ದಾರ ಕಡಿದು, ಕಂದು ಗುಂಡಿ ಅವನ ಕೈಗೆ ಕಿತ್ತುಬಂತು.

ಅವನು ಅದನ್ನು ನೋಡಲೂ ಇಲ್ಲ. "ಗುಂಡಿ ಬಿತ್ತು, ಹೊಲಿದಿಡು," ಎಂದು ಅಂಗಿ ಬಿಚ್ಚಿ ಹೆಂಡತಿಯ ಹೆಗಲ ಮೇಲೆಸೆದು, ಗುಂಡಿಯನ್ನು ಅವಳ ಅಂಗೈಗೆ ಹಾಕಿ, ಮಲಗಲು ಒಳಗೆ ಹೋದ.

ಗುಂಡಿಯಕ್ಕ ಅಡುಗೆಮನೆಯ ಮಣೆಯ ಮೇಲೆ ಹೋಗಿ ಕೂತಳು. ಬಂದದ್ದು ಮೊದಲು ನಗುವೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ, ಆಮೇಲೆ ಬಂದದ್ದು ಮಾತ್ರ ಸಿಟ್ಟು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಇಪ್ಪತ್ತೆರಡು ವರ್ಷ ಅವನ ಒಂದೊಂದು ಗುಂಡಿಯನ್ನೂ ಇವಳು ಹೊಲಿದಿದ್ದಳು, ಒಂದನ್ನೂ ಅವನು ನೋಡಿರಲಿಲ್ಲ. ಅವನ ಹದ್ದಿನ ಕಣ್ಣು ಬಸ್ಸಿನ ಬಿರುಕಿಗೆ ಮೀಸಲು. ಅವಳಿಗೆ ಆಗಿದ್ದ ಅವಮಾನವೇ ಇವತ್ತು ಮರಿಯ ಜೀವ ಉಳಿಸಿತ್ತು. ಆದರೆ ಹೂತುಬಿಡುತ್ತಿದ್ದೆ ಎಂದ ದನಿ ಇನ್ನೂ ಮನೆಯಲ್ಲೇ ಇತ್ತು, ಅದರ ಗೊರಕೆಯೂ ಕೇಳಲು ಶುರುವಾಯಿತು.

ಅವಳು ಡಬ್ಬಿಯಿಂದ ಒಂದು ಬಿಳಿ ಗುಂಡಿ ಆರಿಸಿದಳು. ಬಿಳಿ ದಾರ ಪೋಣಿಸಿ, ಕೋಳಿಕಾಲು ಬಿಟ್ಟು, ಮೆಷಿನ್ ಹೊಲಿದ ಹಾಗೆ ಎರಡು ನೇರ ಗೆರೆ ಹಾಕಿದಳು. ಯಾರದೋ ಕೈಯ ಹೊಲಿಗೆ ಅನ್ನಿಸಬೇಕು. ಅಂಗಿಯಲ್ಲಿ ಉಳಿದಿದ್ದ ಕೆಂಪು ದಾರದ ಚೂರನ್ನು ಉಗುರಿನಿಂದ ಎಳೆದು ತೆಗೆದಳು.

ತಲೆ ಎತ್ತಿದಾಗ ಮರಿ ಬಾಗಿಲಲ್ಲಿ ನಿಂತಿತ್ತು. ಹಿಂಬಾಗಿಲಿನ ತೆಗೆದ ಚಿಲಕ ನೋಡಿತು, ಜೋಡಿಸಿಟ್ಟ ತನ್ನ ಚಪ್ಪಲಿ ನೋಡಿತು, ಅಮ್ಮನ ಅಂಗೈಯಲ್ಲಿದ್ದ ಕಂದು ಗುಂಡಿ ನೋಡಿತು.

"ಅಮ್ಮಾ," ಎಂದಿತು, ಉಸಿರಿನಷ್ಟೇ ದನಿಯಲ್ಲಿ. "ನಿಮ್ಮ ಫ್ಯಾಕ್ಟರೀಲೂ ತೋರಿಸಿದ್ರಾ?"

"ತೋರಿಸಿದ್ರು."

ಮರಿ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಒಳಕೋಣೆಯ ಗೊರಕೆ ಒಂದು ಕ್ಷಣ ನಿಂತಿತು. ಇಬ್ಬರೂ ಉಸಿರು ಹಿಡಿದರು. ಗೊರಕೆ ಮತ್ತೆ ಶುರುವಾಯಿತು.

ಗುಂಡಿಯಕ್ಕ ಕಂದು ಗುಂಡಿಯನ್ನು ಮರಿಯ ಕಡೆ ಚಾಚಿದಳು.

"ಎಷ್ಟೋ ಸಲ ಈ ಬಾಗಿಲ ತನಕ ಬಂದು ವಾಪಸ್ ಹೋಗಿದೀಯಂತೆ," ಎಂದಳು. "ಒಳಗೆ ಬಾ."